ತೊಟ್ಟಿಕ್ಕದ ಪಂಪಿನ ಮೇಲೊಂದು ದೂರು

ಎರಡು ಸೀಟಿನ ಕೆಂಪು ಕಾರಿನಲ್ಲಿ ನೀರಿನ ಪಂಪು ಎಲ್ಲಿರಬೇಕೆಂದು ತೀರ್ಮಾನಿಸಿದ ಮುಖ್ಯ ಎಂಜಿನಿಯರ್ ಸಾಹೇಬರ ಸನ್ನಿಧಾನಕ್ಕೆ,
(ಹೆಸರು ತಿಳಿಯದು, ಊರು ಸಮುದ್ರದಾಚೆ)

ಮಾನ್ಯರೇ,

ಸಿರುಗುಪ್ಪದಲ್ಲಿ ತಾತನ ಕಾಲದಿಂದಲೂ ಗದ್ದೆಗಳ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡು ಬಂದಿರುವ ಮನೆತನದ ಚನ್ನಬಸವರಾಜನೆಂಬ ನಾನು, ತಮಗೂ ತಮ್ಮ ಕಂಪನಿಗೂ ತಾವು ಕೂತು ಚಿತ್ರ ಬರೆಯುವ ತಂಪು ಕೋಣೆಗೂ ಅನಂತ ನಮಸ್ಕಾರಗಳನ್ನು ಸಲ್ಲಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾವಿಲ್ಲಿ ಕ್ಷೇಮವಾಗಿದ್ದೇವೆ, ತಮ್ಮ ಕಾರು ಕ್ಷೇಮವಾಗಿಲ್ಲ. ತಮ್ಮಂಥ ದೊಡ್ಡವರ ಹೊತ್ತನ್ನು ಹಾಳು ಮಾಡಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಆದರೆ ತಮ್ಮ ಕಾರು ನಮ್ಮ ಹೊತ್ತನ್ನು ಹಾಳು ಮಾಡುವಾಗ ಅಂಥ ಸಂಕೋಚವನ್ನೇನೂ ತೋರಿಸಲಿಲ್ಲವಾದ್ದರಿಂದ ಈ ಪತ್ರ.

ನಮ್ಮ ಕಡೆ ಮದುವೆಯ ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ನನ್ನ ಅಕ್ಕ ಕೊಟ್ರಬಸಮ್ಮ ಇರುವುದು ಬಳ್ಳಾರಿಯಲ್ಲಿ. ಆಕೆಯ ಮಗಳು ರಶ್ಮಿ ಸಣ್ಣವಳಿದ್ದಾಗ, ಗಣಿಯ ದುಡ್ಡು ಊರೆಲ್ಲ ಓಡಾಡುತ್ತಿದ್ದ ಕಾಲದಲ್ಲಿ, ಯಾರೋ ಸಾಹುಕಾರರ ಕೆಂಪು ಕಾರು ನಮ್ಮ ಮೇಲೆ ಧೂಳೆರಚಿ ಹೋದದ್ದನ್ನು ನೋಡಿ, "ನನ್ನ ಮದುವ್ಯಾಗ ಇದರಾಗ ಕರ್ಕೊಂಡು ಹೋಗ್ತಿಯೇನು ಮಾಮ" ಎಂದು ಕೇಳಿದ್ದಳು. ನಾನು ಹೂಂ ಅಂದಿದ್ದೆ. ಮಕ್ಕಳಿಗೆ ಹೂಂ ಅನ್ನುವುದು ಎಷ್ಟು ಸುಲಭವೆಂದು ತಮಗೂ ಗೊತ್ತಿರಬೇಕು, ಕಾರು ಕೊಳ್ಳುವವರಿಗೆ ತಾವು ಅನ್ನುವುದೂ ಅದನ್ನೇ. ಮದುವೆ ಗೊತ್ತಾದ ವರ್ಷ ಅಂಥದೇ ಒಂದು ಕಾರು ಬಳ್ಳಾರಿಯ ಶೆಡ್ಡೊಂದರಲ್ಲಿ ಟಾರ್ಪಾಲು ಹೊದ್ದುಕೊಂಡು ಬಿದ್ದಿದೆ ಎಂದು ತಿಳಿದು, ಹೆಂಡತಿ ಸುನಂದಾ ಎಷ್ಟು ಬೈದರೂ ಕಿವಿಗೆ ಹಾಕಿಕೊಳ್ಳದೆ ಕೊಂಡು ತಂದೆ.

ಮನೆಗೆ ತಂದ ಮರುದಿನವೇ ಕಾರಿನ ಹೊಟ್ಟೆಯ ಕೆಳಗೆ ನೀರು ತೊಟ್ಟಿಕ್ಕತೊಡಗಿತು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು, ನಮ್ಮ ಮನೆಯಲ್ಲಿ ಸಂತೋಷವಾಯಿತು. ತಮಗೆ ತಿಳಿಯದಿರಬಹುದಾದ್ದರಿಂದ ಹೇಳುತ್ತೇನೆ. ಗದ್ದೆಯ ಪಂಪಿನಲ್ಲಿ ತಿರುಗುವ ಶಾಫ್ಟಿನ ಸುತ್ತ ಗ್ರೀಸು ಮೆತ್ತಿದ ಹಗ್ಗ ಸುತ್ತಿ ಬಿಗಿಯುತ್ತೇವೆ, ಅಲ್ಲಿಂದ ಆಗಾಗ ಒಂದೊಂದು ತೊಟ್ಟು ನೀರು ಬೀಳುತ್ತಲೇ ಇರಬೇಕು. ಬೀಳದಿದ್ದರೆ ಹಗ್ಗ ಒಣಗಿ, ಕಾದು, ಶಾಫ್ಟು ತಿಂದುಹೋಗುತ್ತದೆ. ನನ್ನ ತಂದೆ ತಿಪ್ಪೇರುದ್ರಪ್ಪನವರು ರಾರಾವಿಯ ಕಡೆಯ ಅರ್ಧ ಪಂಪುಗಳನ್ನು ಈ ಒಂದು ತತ್ವದ ಮೇಲೆಯೇ ಬದುಕಿಸಿದವರು. ಅವರು ತಮ್ಮ ಕಾರಿನ ಕೆಳಗೆ ಬಗ್ಗಿ ನೋಡಿ, "ಚಲೋ ಪಂಪೈತಿ, ಲೆಕ್ಕಕ್ಕ ಸರಿಯಾಗಿ ತೊಟ್ಟಿಕ್ಕಾಕತ್ತೈತಿ" ಎಂದು ಸಾಹೇಬರಾದ ತಮ್ಮನ್ನು ಬಾಯ್ತುಂಬ ಹೊಗಳಿದರು. ತಮ್ಮ ವೃತ್ತಿಯಲ್ಲಿ ಅಷ್ಟು ಮನಸಾರೆ ತಮ್ಮನ್ನು ಹೊಗಳಿದವರು ಇನ್ನೊಬ್ಬರಿರಲಾರರು.

ಆ ಹೊಗಳಿಕೆಗೆ ತಾವು ಉತ್ತರ ಕೊಟ್ಟದ್ದು ಕೊಳಗಲ್ಲಿನ ಹತ್ತಿರ, ನಡುಮಧ್ಯಾಹ್ನ, ಬಾನೆಟ್ಟಿನಿಂದ ಹೊಗೆಯೆಬ್ಬಿಸಿ. ಕಾರಿನ ಜೊತೆ ಬಂದ ತಮ್ಮ ಕೈಪಿಡಿಯನ್ನು ರಸ್ತೆಯ ಪಕ್ಕದಲ್ಲೇ ಕೂತು ತಿರುವಿ ಹಾಕಿದೆ. ಕಾಫಿ ಲೋಟ ಎಲ್ಲಿಡಬೇಕೆಂಬುದಕ್ಕೆ ಒಂದು ಪುಟ, ಆಸನದ ಚರ್ಮಕ್ಕೆ ಯಾವ ಬಟ್ಟೆ ತಾಗಿಸಬಾರದೆಂಬುದಕ್ಕೆ ಎರಡು ಪುಟ. ಈ ಪಂಪು ತೊಟ್ಟಿಕ್ಕಬಾರದು, ತೊಟ್ಟಿಕ್ಕಿದರೆ ಕೆಟ್ಟಿದೆ ಎಂದು ತಿಳಿಯಿರಿ ಎಂಬ ಒಂದು ಸಾಲು ಮಾತ್ರ ಎಲ್ಲಿಯೂ ಇಲ್ಲ. ಅದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿಯೆಂದು ತಾವು ತಿಳಿದಿರಬೇಕು, ತಮ್ಮ ಲೋಕದಲ್ಲಿ ಸಿರುಗುಪ್ಪ ಸೇರಿಲ್ಲ.

ಬೆಂಗಳೂರಿನ ತಮ್ಮ ಶೋರೂಮಿಗೆ ಫೋನು ಮಾಡಿದಾಗ, ಕಾರನ್ನು ಲಾರಿಯ ಮೇಲೆ ಹೇರಿ ತಂದು ಬಿಟ್ಟುಹೋಗಬೇಕೆಂದೂ ಯಾವಾಗ ಸಿದ್ಧವಾಗುತ್ತದೆಂಬುದನ್ನು ಮದುವೆ ಮುಗಿದ ಮೇಲೆ ತಿಳಿಸುವುದಾಗಿಯೂ ಬಹಳ ಮೃದುವಾಗಿ ಹೇಳಿದರು. ಹಾಗಾಗಿ ಪಂಪನ್ನು ಮಾತ್ರ ತರಿಸಿಕೊಂಡು ಮನೆಯ ಅಂಗಳದಲ್ಲೇ ಬದಲಿಸಲು ಕೂತೆವು. ಗದ್ದೆಯ ಪಂಪು ಬಿಚ್ಚಬೇಕೆಂದರೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ ಸಾಕು. ತಮ್ಮ ಪಂಪಿನ ದರ್ಶನವಾಗಬೇಕೆಂದರೆ ಮೊದಲು ಮುಂದಿನ ಚಕ್ರ ಕಳಚಬೇಕು, ಅದರ ಹಿಂದಿನ ಪ್ಲಾಸ್ಟಿಕ್ ಮರೆ ತೆಗೆಯಬೇಕು, ಬೆಲ್ಟು ಇಳಿಸಬೇಕು, ಆಮೇಲೆ ಎಂಜಿನ್ನಿನ ಅಡಿಗೆ ಜಾಕು ಕೊಟ್ಟು ಅದನ್ನು ಹೊತ್ತು ನಿಂತ ಕಬ್ಬಿಣವನ್ನೇ ಬಿಚ್ಚಬೇಕು. ನಾವು ಮನೆಯ ಒಡವೆಯನ್ನೂ ಇಷ್ಟು ಭದ್ರವಾಗಿ ಇಟ್ಟವರಲ್ಲ. ಕೆಟ್ಟೇ ಕೆಡುವ ವಸ್ತುವೊಂದನ್ನು ಯಾರ ಕೈಗೂ ಎಟುಕದಂತೆ ಕಾಪಾಡಿದ ತಮ್ಮ ದೂರದೃಷ್ಟಿಗೆ ಯಾವ ಬಿರುದು ಕೊಟ್ಟರೂ ಕಡಿಮೆಯೇ.

ಕೆಳಗಿನ ಒಂದು ಬೋಲ್ಟು ಮಾತ್ರ ನನ್ನ ಕೈಗೆ ಸಿಗಲೇ ಇಲ್ಲ. ಕೊನೆಗೆ ಸುನಂದಾ ಮುಂದೆ ಬಂದಳು. ಬಳೆ ಇಡಿಸುವ ಶಾಸ್ತ್ರ ಹಿಂದಿನ ದಿನವಷ್ಟೇ ಆಗಿ ಕೈತುಂಬ ಹಸಿರು ಗಾಜಿನ ಬಳೆಗಳಿದ್ದವು, ಮದುವೆ ಮುಗಿಯುವ ಮುಂಚೆ ಅವನ್ನು ತೆಗೆಯುವ ಮಾತೇ ಇಲ್ಲ. ಅಷ್ಟನ್ನೂ ಮೊಣಕೈಯತ್ತ ಸರಿಸಿ, ಮೇಲೆ ಟವೆಲು ಬಿಗಿದು, ಚಕ್ರದ ಸಂದಿಯಲ್ಲಿ ಭುಜದವರೆಗೂ ಕೈ ತೂರಿಸಿದಳು. ಬೋಲ್ಟು ಸಡಿಲವಾಗುವ ತನಕ ತಮ್ಮ ವಂಶವನ್ನೆಲ್ಲ ನೆನೆದು, "ಇದನ್ನ ಮಾಡಿದೋರ ಮನ್ಯಾಗ ಕೈ ಇರೋರು ಯಾರೂ ಇರಲಿಲ್ಲೇನ್ರಿ" ಎಂದು ಕೇಳಿದಳು. ಈ ಪ್ರಶ್ನೆಗೆ ತಾವೇ ಉತ್ತರ ಬರೆದು ತಿಳಿಸಬೇಕಾಗಿ ವಿನಂತಿ. ಆಗದಿದ್ದರೆ ಮುಂದಿನ ಕಾರನ್ನು ಮಾರುವಾಗ ಪಂಪಿನ ಜೊತೆಗೆ ಮೂರು ಕಡೆ ಮಡಚುವ ಒಂದು ಕೈಯನ್ನೂ ಉಚಿತವಾಗಿ ಕೊಡುವ ಏರ್ಪಾಡು ಮಾಡಬೇಕು.

ಅಂತೂ ಹೊಸ ಪಂಪು ಕೂತಿತು. ಎಂಜಿನ್ನು ಎಷ್ಟು ಹೊತ್ತು ಓಡಿದರೂ ಒಂದು ತೊಟ್ಟು ಬೀಳಲಿಲ್ಲ. ಮದುವೆಯ ಮುನ್ನಾದಿನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಳ್ಳಾರಿಯ ಅಕ್ಕನ ಮನೆಗೆ ಬಂದೆ, ಆಗಲೂ ಬೀಳಲಿಲ್ಲ. ನಾನು ಮೀಸೆ ತಿರುವಿಕೊಂಡು ಓಡಾಡುತ್ತಿದ್ದರೆ, ಅಪ್ಪ ಮಾತ್ರ ಮತ್ತೆ ಮತ್ತೆ ಕಾರಿನ ಕೆಳಗೆ ಬಗ್ಗಿ ನೋಡಿ, "ಒಂದು ತೊಟ್ಟೂ ಇಲ್ಲಲ್ಲಪಾ, ಒಳಗ ಸುಡಾಕತ್ತಿರಬೇಕು ಪಾಪ" ಎಂದು ಕಳವಳಪಡುತ್ತಿದ್ದರು. ಇದು ಬೇರೆ ಜಾತಿಯ ಪಂಪು ಎಂದು ನಾನು ತಿಳಿಹೇಳಿದೆ. ಅವರು ತಲೆಯಾಡಿಸಿದರು. ಅಪ್ಪ ತಲೆಯಾಡಿಸಿದರೆ ಒಪ್ಪಿದರು ಎಂದರ್ಥವಲ್ಲ ಎಂಬುದನ್ನು ಆ ಗಡಿಬಿಡಿಯಲ್ಲಿ ಮರೆತೆ.

ಮರುದಿನ ಬೆಳಿಗ್ಗೆ ಹೂವಿನ ಅಲಂಕಾರ ಮಾಡಿಸಿ, ರಶ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಂಟಪವಿದ್ದ ಕುರುಗೋಡಿಗೆ ಹೊರಟೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು, ಆಕೆ ಸಣ್ಣವಳಿದ್ದಾಗ ನಕ್ಕಂತೆಯೇ ನಕ್ಕಳು, ನಾನು ತಮ್ಮ ಎಲ್ಲ ಅಪರಾಧಗಳನ್ನೂ ಕ್ಷಮಿಸುವವನಿದ್ದೆ. ಕುರುಗೋಡಿನ ಮೊದಲ ಮನೆಗಳು ಕಂಡವೋ ಇಲ್ಲವೋ, ಕಾರು ಬುಸ್ ಎಂದು ಹೊಗೆ ಬಿಟ್ಟು ನಿಂತುಬಿಟ್ಟಿತು.

ಜರಿ ಪಂಚೆ ಮೇಲಕ್ಕೆ ಕಟ್ಟಿ ಒಳಗೆ ಕಣ್ಣು ಹಾಯಿಸಿದೆ. ತಮ್ಮ ಪಂಪಿಗೆ ಏನೂ ಆಗಿರಲಿಲ್ಲ. ಬಾನೆಟ್ಟು ಎತ್ತಿದರೆ ಕೈಗೆಟುಕುವಲ್ಲಿ, ಪಂಪಿನತ್ತ ಇಳಿಯುವ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು, ಎಂಜಿನ್ನು ಕಾದ ಮೇಲೆ ನೀರೆಲ್ಲ ಅಲ್ಲಿಂದಲೇ ಸೋರಿಹೋಗಿತ್ತು. ತಾನಾಗಿ ಸಡಿಲವಾದದ್ದಲ್ಲ, ಸ್ಕ್ರೂಡ್ರೈವರ್ ಇಟ್ಟು, ಲೆಕ್ಕಕ್ಕೆ ಸರಿಯಾಗಿ ತೊಟ್ಟಿಕ್ಕುವಷ್ಟೇ ಸಡಿಲಿಸಿದ್ದು. ಪೈಪಿನ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ರಿಪೇರಿ ಮುಗಿದ ಪಂಪಿಗೆ ವಿಭೂತಿ ಹಚ್ಚದೆ ಅಪ್ಪ ಯಾವತ್ತೂ ಎದ್ದವರಲ್ಲ. ಮೊಮ್ಮಗಳ ಸವಾರಿಯ ದಿನ ಪಂಪು ಸುಡಬಾರದೆಂದು ನಾವೆಲ್ಲ ಸ್ನಾನಕ್ಕೆ ಹೋದಾಗ ಅವರು ಮಾಡಿದ ಕೆಲಸವಿದು.

ಅಪ್ಪ ಹಿಂದಿನ ಬಸ್ಸಿನಲ್ಲಿ ಬರುತ್ತಿದ್ದರು. ರಶ್ಮಿಯೂ ಇಳಿದು ಬಂದು ಆ ವಿಭೂತಿಯನ್ನು ನೋಡಿದಳು. ಆಕೆ ಅವರ ಮೊಮ್ಮಗಳು, ಹೇಳಿಕೊಡಬೇಕಾಗಿರಲಿಲ್ಲ. ಸೆರಗಿನ ತುದಿಯಿಂದ ಅದನ್ನು ಒರೆಸಿ ತೆಗೆದು, "ತಾತಗ ಹೇಳಬ್ಯಾಡ್ರಿ ಮಾಮ, ನಡಿರಿ, ಹೊತ್ತಾತು" ಎಂದು ನನ್ನ ಗ್ರೀಸಿನ ಕೈಯನ್ನೇ ಹಿಡಿದುಕೊಂಡಳು. ನಾವಿಬ್ಬರೂ ಮಂಟಪದವರೆಗೂ ನಡೆದೇ ಹೋದೆವು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಈಗ ಅಪ್ಪನಿಗೆ ಹೇಳಿರುವುದೇನೆಂದರೆ, ಹೊಸ ಪಂಪು ತೊಟ್ಟಿಕ್ಕದೆ ಒಳಗೆ ಸುಟ್ಟುಹೋಯಿತು ಎಂದು. ಅವರು ಅಂಗಡಿಗೆ ಬಂದವರಿಗೆಲ್ಲ, ಪರದೇಶದವರಿಗೆ ಪಂಪಿನ ಗಂಧವೂ ಇಲ್ಲವೆಂದು ಹೇಳಿಕೊಂಡು ಬಹಳ ಖುಷಿಯಲ್ಲಿದ್ದಾರೆ. ಈ ವಯಸ್ಸಿನಲ್ಲಿ ಅವರನ್ನು ಬೈಯಲು ನನಗೆ ಬಾಯಿಲ್ಲ, ಯಾರನ್ನಾದರೂ ಬೈಯದೆ ಇರಲು ಹೊಟ್ಟೆಯೂ ತಡೆಯುತ್ತಿಲ್ಲ. ತಾವು ದೂರದಲ್ಲಿದ್ದೀರಿ, ದೊಡ್ಡವರಿದ್ದೀರಿ, ಬೈಸಿಕೊಂಡರೆ ತಮಗೆ ಸವೆಯುವುದೇನೂ ಇಲ್ಲ. ಆದಕಾರಣ ತಾವು ದಯಮಾಡಿ ತಮ್ಮ ಕಂಪನಿಯ ಚಿನ್ನದ ಬಣ್ಣದ ಮುದ್ರೆಯುಳ್ಳ ಹಾಳೆಯಲ್ಲಿ, ಸುಲಭ ಕನ್ನಡದಲ್ಲಿ, ತಪ್ಪು ತಮ್ಮದೇ ಎಂದೂ ತಿಪ್ಪೇರುದ್ರಪ್ಪನವರ ಮಾತೇ ಸರಿಯೆಂದೂ ಬರೆದು ಕಳಿಸಬೇಕು. ಕೆಳಗಿನ ಆ ಬೋಲ್ಟಿಗೆ ಪ್ರತಿಯಾಗಿ ಇದು ದೊಡ್ಡದೇನಲ್ಲ.

ಇಂತಿ, ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗದಿರುವ,
ತಮ್ಮ ವಿಶ್ವಾಸಿ,
ಚನ್ನಬಸವರಾಜ
ಸಿರುಗುಪ್ಪ

ತಾ.ಕ.: ಇದು ಪೇಪರಿನಲ್ಲಿ ಅಚ್ಚಾಗುವ ಬಹಿರಂಗ ಪತ್ರವಾದರೂ ಅಪ್ಪನಿಗೆ ತಿಳಿದೀತೆಂಬ ಚಿಂತೆ ತಮಗೆ ಬೇಡ. ಕಣ್ಣು ಮಂಜಾದ ಮೇಲೆ ಅವರಿಗೆ ಪೇಪರು ಓದಿ ಹೇಳುವವನು ನಾನೇ. ತಮ್ಮನ್ನು ಬೈದ ಭಾಗವನ್ನಷ್ಟೇ ಓದಿ ಹೇಳಿದೆ. ಅಷ್ಟನ್ನು ಕೇಳಿ, "ಪಾಪ, ಭಾಳ ಬೈಬ್ಯಾಡ, ಅವರಿಗೆ ಕಲಿಸೋರು ಯಾರಿದ್ರು" ಎಂದರು. ತಾವು ಒಮ್ಮೆ ಸಿರುಗುಪ್ಪಕ್ಕೆ ಬಂದರೆ ಹಗ್ಗ ಸುತ್ತುವುದನ್ನು ಮೊದಲಿನಿಂದ ಹೇಳಿಕೊಡಲು ಸಿದ್ಧರಿದ್ದಾರೆ. ಬರುವಾಗ ಮಾತ್ರ ತಮ್ಮ ಕಾರಿನಲ್ಲಿ ಬರಬೇಡಿ, ಬಸ್ಸಿದೆ.