ಅಕ್ಕನ ಬೆಡ್‌ಶೀಟಿನ ಮೇಲೆ ಭೂಮಂಡಲ

ಮಧ್ಯಯುಗದ ಕ್ರೈಸ್ತ ಜಗತ್ತಿನ ಬಗ್ಗೆ ನನಗೆ ತಿಳಿದಿದ್ದಷ್ಟು ಆಗ ಇಡೀ ಬಹ್ರೈನಿನಲ್ಲಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಇದು ಜಂಬದ ಮಾತಲ್ಲ. ಇನ್ನೊಬ್ಬರಿಗೆ ಅದು ಬೇಕಾಗಿಯೇ ಇರಲಿಲ್ಲ!

ಇತಿಹಾಸದಲ್ಲಿ ಎಂ.ಎ. ಮಾಡಿ, ಪ್ರಥಮ ದರ್ಜೆ ಪಡೆದು, ಮಂಗಳೂರಿನಿಂದ ಬಹ್ರೈನಿನ ಅದ್ಲಿಯಾದಲ್ಲಿದ್ದ ಅಕ್ಕನ ಮನೆಗೆ ಬಂದ ನನಗೆ ಸಿಕ್ಕಿದ್ದು ಮೀನಾ ಸಲ್ಮಾನ್ ಬಂದರಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ. ಹಡಗಿನಲ್ಲಿ ಬಂದ ಪೆಟ್ಟಿಗೆಗಳ ಪಟ್ಟಿ ಮಾಡುವುದು. ಪ್ರತಿ ಸಾಲಿನಲ್ಲೂ ‘ಸೆಡ್ ಟು ಕಂಟೇನ್’ ಎಂದು ಹೊಡೆಯಬೇಕು. ಅಂದರೆ, ಒಳಗೆ ಇಂಥದ್ದು ಇದೆಯೆಂದು ಹೇಳಲಾಗಿದೆ. ನಾವು ತೆರೆದು ನೋಡಿಲ್ಲ. ಸುಳ್ಳಾದರೆ ನಮ್ಮನ್ನು ಕೇಳಬೇಡಿ. ಎರಡು ವರ್ಷ ಇದನ್ನೇ ಹೊಡೆದು ಹೊಡೆದು ನನ್ನ ಬೆರಳುಗಳಿಗೆ ಇತಿಹಾಸ ಮರೆತುಹೋಗುವ ಲಕ್ಷಣ ಕಾಣಿಸಿಕೊಂಡಿತು.

ಅಷ್ಟರಲ್ಲಿ ಭಾರತೀಯ ಮಕ್ಕಳು ಓದುವ ಒಂದು ಶಾಲೆಯಲ್ಲಿ ಇತಿಹಾಸದ ಟೀಚರ್ ಜಾಗ ಖಾಲಿ ಬಿತ್ತು. ಅರ್ಜಿ ಹಾಕಿದೆ. ಹೆಡ್‌ಮಿಸ್ಟ್ರೆಸ್ ಮಿಸೆಸ್ ಪಿರೇರಾ ಕರೆದು ಮಾತಾಡಿಸಿದರು. ಅವರು ಕೇಳಿದ ಎಲ್ಲ ಪ್ರಶ್ನೆಗಳಿಗೂ ನಾನು ಸರಿಯಾದ ಉತ್ತರವನ್ನೇ ಕೊಟ್ಟೆ. ಆದರೆ ನನ್ನ ಮೊಣಕಾಲುಗಳನ್ನು ನೋಡಿಕೊಂಡು ಕೊಟ್ಟೆ.

“ನಿಮ್ಮ ಸ್ವರ ನನ್ನ ಮೇಜು ದಾಟಿ ಬರುತ್ತಾ ಇಲ್ಲ,” ಎಂದರು ಅವರು. “ನಲವತ್ತು ಮಕ್ಕಳ ಎದುರು ಏನು ಮಾಡ್ತೀರಿ? ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ನಿಮ್ಮವರ ಸಂಘದ ವಾರ್ಷಿಕೋತ್ಸವ ಉಂಟಲ್ಲ, ನಾನೂ ಬರ್ತೇನೆ. ಅಲ್ಲಿ ಹದಿನೈದು ನಿಮಿಷ ಮಾತಾಡಿ. ಜನರ ಮುಖ ನೋಡಿ ಮಾತಾಡಿ. ಆಮೇಲೆ ನೋಡುವ.”

ನಮ್ಮವರ ಸಂಘ ಎಂದರೆ ಕರಾವಳಿಯ ಕ್ಯಾಥೊಲಿಕ್ ಕುಟುಂಬಗಳ ಸಂಘ. ವಾರ್ಷಿಕೋತ್ಸವದಲ್ಲಿ ಊಟಕ್ಕೆ ಮೊದಲು ಯಾರಾದರೂ ಜ್ಞಾನದ ಮಾತು ಹೇಳುವುದು ವಾಡಿಕೆ. ಕೇಳುವುದು ವಾಡಿಕೆಯಲ್ಲ. ನಾನು ಆ ಹದಿನೈದು ನಿಮಿಷ ಕೇಳಿ ಪಡೆದುಕೊಂಡೆ. ವಿಷಯ: ಮಧ್ಯಯುಗದ ಕ್ರೈಸ್ತರು ಕಂಡ ಭೂಮಿ. ಜೊತೆಗೆ ಒಂದು ದೊಡ್ಡ ನಕ್ಷೆ. ಇದರಲ್ಲಿ ತಪ್ಪಾಗುವಂಥದ್ದು ಏನಿದೆ?

ಆ ಕಾಲದ ನಕ್ಷೆ ನಮ್ಮ ನಕ್ಷೆಯಂಥದ್ದಲ್ಲ. ಭೂಮಿ ದೋಸೆಯ ಹಾಗೆ ದುಂಡಗೆ. ನಟ್ಟನಡುವೆ ಜೆರುಸಲೇಮ್. ಅತಿ ಮುಖ್ಯವಾದ ಸಂಗತಿಯೆಂದರೆ ಮೇಲುಗಡೆ ಇರುವುದು ಉತ್ತರವಲ್ಲ, ಪೂರ್ವ! ಯಾಕೆಂದರೆ ಸ್ವರ್ಗದ ತೋಟ ಪೂರ್ವದಲ್ಲಿತ್ತು. ಸ್ವರ್ಗವನ್ನು ಪಕ್ಕಕ್ಕೆ ತಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಕೆಳಗೆ ಎಡಕ್ಕೆ ಯುರೋಪು. ಕೆಳಗೆ ಬಲಕ್ಕೆ ಆಫ್ರಿಕಾ. ಎಡ ಅಂಚಿನ ಉತ್ತರದಲ್ಲಿ ನರಭಕ್ಷಕರು. ಬಲ ಅಂಚಿನ ದಕ್ಷಿಣದಲ್ಲಿ ತಲೆಯಿಲ್ಲದೆ ಎದೆಯ ಮೇಲೇ ಮುಖವಿರುವ ಜನ. ಇವರನ್ನೆಲ್ಲ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಇದ್ದಾರೆಂದು ಹೇಳಲಾಗಿತ್ತು, ಅಷ್ಟೇ.

ನಕ್ಷೆಗೆ ಬಟ್ಟೆ ಬೇಕಿತ್ತು. ಅಕ್ಕ ನರ್ಸ್. ಒಂದು ವಾರ ಮುಂಚಿನ ಶುಕ್ರವಾರ ಅವಳು ಡ್ಯೂಟಿಗೆ ಹೋಗಿದ್ದಾಗ ಕಪಾಟು ತೆರೆದೆ. ಅವಳ ಮದುವೆಗೆ ಯಾರೋ ಕೊಟ್ಟಿದ್ದ ಬಿಳಿ ಡಬಲ್ ಬೆಡ್‌ಶೀಟ್ ಮಡಿಕೆಯೂ ಬಿಚ್ಚದೆ ಕುಳಿತಿತ್ತು. ವಿದ್ಯೆಗಾಗಿ ಅದನ್ನು ವಶಪಡಿಸಿಕೊಂಡೆ. ಸನದ್‌ನಲ್ಲಿ ಅಂಗಡಿಯಿಟ್ಟಿದ್ದ ಉಳ್ಳಾಲದ ಹಸನಬ್ಬರಿಂದ ಬಟ್ಟೆಗೆ ಬಳಿಯುವ ಬಣ್ಣ ತಂದಾಗಿತ್ತು.

“ಇದು ಒಗೆದರೆ ಹೋಗುತ್ತದಾ?” ಎಂದು ಕೇಳಿದ್ದೆ.

“ಏನು ಮಾತು ಬಾಯಮ್ಮ! ಬಟ್ಟೆ ಹೋದೀತು, ಬಣ್ಣ ಹೋಗುವುದಿಲ್ಲ,” ಎಂದು ಹಸನಬ್ಬ ಹೆಮ್ಮೆಯಿಂದ ಹೇಳಿದ್ದರು. ನಾನು ಸಂತೋಷಪಟ್ಟಿದ್ದೆ.

ಹಾಲ್‌ನ ನೆಲದಲ್ಲಿ ಬೆಡ್‌ಶೀಟ್ ಹಾಸಿ, ನಡುವೆ ಕುಳಿತು, ಒಂದೊಂದೇ ದಿಕ್ಕಿಗೆ ತಿರುಗುತ್ತ ಬರೆದೆ. ರಾಜರು, ಬಿಷಪರು, ಸೈನ್ಯಗಳು ಇನ್ನೂರು ವರ್ಷ ಹೊಡೆದಾಡಿದರೂ ಕೈಯಲ್ಲಿ ಉಳಿಸಿಕೊಳ್ಳಲಾಗದ ಜೆರುಸಲೇಮಿನ ಮೇಲೆ ನಾನು ಒಂದಿಡೀ ಮಧ್ಯಾಹ್ನ ಕುಳಿತಿದ್ದೆ! ಹಾಗೆ ಕುಳಿತು ಬರೆದುದರಿಂದ ಅಂಚಿನ ಜನರೆಲ್ಲ ಜೆರುಸಲೇಮಿನ ಕಡೆ ಕಾಲು ಮಾಡಿ ನಿಂತರು. ಎತ್ತ ತಿರುಗಿಸಿದರೂ ಯಾರಾದರೊಬ್ಬರು ನೆಟ್ಟಗೆ ಕಾಣುತ್ತಿದ್ದರು. ಇದು ಮುಂದೆ ನನಗೆ ಕುತ್ತಾಗುತ್ತದೆಂದು ತಿಳಿಯಲಿಲ್ಲ. ಅಕ್ಷರ ಬರೆದರೆ ಬಣ್ಣ ಹರಡುತ್ತಿತ್ತು. ಹೆಸರುಗಳನ್ನು ಬರೆಯಲೇ ಇಲ್ಲ. ಕೋಲಿನಿಂದ ತೋರಿಸಿದರಾಯಿತು!

ಡ್ಯೂಟಿ ಮುಗಿಸಿ ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಮೊದಲು ಬೆಡ್‌ಶೀಟನ್ನು ನೋಡಿದಳು. ಆಮೇಲೆ ಆದಾಮ, ಏವಾರನ್ನು ನೋಡಿದಳು.

“ಜೆಸ್ಸೀ! ಇವರ ಮೈಮೇಲೆ ಒಂದು ನೂಲೂ ಇಲ್ಲ!”

“ಇತಿಹಾಸ ಅಕ್ಕ.”

“ಇತಿಹಾಸಕ್ಕೆ ಬಟ್ಟೆ ಹಾಕು. ಫಾದರ್ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ತಾರೆ. ಅದೂ ನನ್ನ ಮದುವೆಯ ಬೆಡ್‌ಶೀಟಿನ ಮೇಲೆ!”

ಅವಳ ಮನಶ್ಶಾಂತಿಗಾಗಿ ಇಬ್ಬರ ಸುತ್ತಲೂ ದಟ್ಟವಾದ ಹಸಿರು ಬೇಲಿ ಬರೆದೆ. ಅಕ್ಕ “ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ” ಎನ್ನುತ್ತ ಹೋದಳು. ಕೊನೆಗೆ ಸ್ವರ್ಗದಲ್ಲಿ ಎರಡು ತಲೆಗಳು ಮಾತ್ರ ಉಳಿದವು.

ನಮ್ಮ ಸಿರಿಲ್ ಭಾವ ಹಡಗು ರಿಪೇರಿ ಮಾಡುವ ಕಡೆ ಸ್ಟೋರ್‌ಕೀಪರ್. ಅವರು ನಕ್ಷೆಯ ಸುತ್ತ ಎರಡು ಸುತ್ತು ಬಂದು, “ಇದರಲ್ಲಿ ಮಂಗಳೂರು ಎಲ್ಲಿ?” ಎಂದರು.

“ಇಲ್ಲ ಭಾವ.”

“ಬಹ್ರೈನ್?”

“ಅದೂ ಇಲ್ಲ.”

“ಒಂದು ಚುಕ್ಕಿ ಇಡು ಮಾರಾಯ್ತಿ, ಜನರಿಗೆ ಖುಷಿಯಾಗುತ್ತದೆ. ಈ ಬೇಲಿ ಎಂತದು?”

“ಸ್ವರ್ಗ. ಪೂರ್ವದಲ್ಲಿರುತ್ತದೆ,” ಎಂದು, ಮಧ್ಯಯುಗದ ಭೂಗೋಳದ ಬಗ್ಗೆ ಅರ್ಧ ಗಂಟೆ ಪಾಠ ಹೇಳಿದೆ. ಪೂರ್ವ ಮೇಲಿರುತ್ತದೆ ಎಂಬುದನ್ನೂ ಹೇಳಿದ್ದೆ. ಆದರೆ ಅಷ್ಟು ಹೊತ್ತಿಗೆ ಭಾವ ತೂಕಡಿಸುತ್ತಿದ್ದರು.

ಆ ವಾರವಿಡೀ ಅಭ್ಯಾಸ ಮಾಡಿದೆ. ಜನರ ಮುಖ ನೋಡಬೇಕೆಂದು ಮಿಸೆಸ್ ಪಿರೇರಾ ಹೇಳಿದ್ದರಲ್ಲ? ನಕ್ಷೆಯ ಕಡೆ ತಿರುಗಿದರೆ ಜನರ ಮುಖ ತಪ್ಪುತ್ತದೆ. ಆದ್ದರಿಂದ ನಕ್ಷೆಗೆ ಬೆನ್ನು ಹಾಕಿ ನಿಂತು, ಪರದೆಯ ಕೋಲನ್ನು ಹಿಂದಕ್ಕೆ ಚಾಚಿ, ನೋಡದೆಯೇ ಸರಿಯಾದ ಜಾಗಕ್ಕೆ ಮುಟ್ಟಿಸುವುದನ್ನು ಕಲಿತೆ. ಗುರುವಾರ ಸಂಜೆಯ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಸ್ವರ್ಗ ಮುಟ್ಟಬಲ್ಲವಳಾಗಿದ್ದೆ.

ಶುಕ್ರವಾರ ಭಾವ ಬೆಡ್‌ಶೀಟ್ ಹಿಡಿದುಕೊಂಡು ಮೊದಲೇ ಸಭಾಂಗಣಕ್ಕೆ ಹೋದರು. ನಾನು ಸೀರೆಯ ಪಿನ್ನುಗಳನ್ನು ಎಣಿಸುತ್ತ ಹಿಂದಿನಿಂದ ಬಂದೆ.

“ಕಟ್ಟಿ ಆಗಿದೆ. ಒಮ್ಮೆ ನೋಡ್ತೀಯಾ?” ಎಂದು ಭಾವ ಕೇಳಿದರು.

ಇಲ್ಲಿ ನನ್ನ ಉತ್ತರವನ್ನು ಯಥಾವತ್ತಾಗಿ ದಾಖಲಿಸುತ್ತೇನೆ. “ನಕ್ಷೆ ನನ್ನ ವಿಷಯ ಭಾವ. ಅದನ್ನು ನಾನು ನೋಡಬೇಕಾಗಿಲ್ಲ.”

ವೇದಿಕೆ ಹತ್ತಿದೆ. ಮುಂದಿನ ಸಾಲಿನಲ್ಲಿ ಯುರೋಪಿನಿಂದ ಬಂದಿದ್ದ ವಯಸ್ಸಾದ ಫಾದರ್, ಪಕ್ಕದಲ್ಲಿ ಮಿಸೆಸ್ ಪಿರೇರಾ, ಅವರ ಹಿಂದೆ ಇನ್ನೂರು ಜನ, ಅವರ ಹಿಂದೆ ಬಿರಿಯಾನಿಯ ಪಾತ್ರೆಗಳು. ಮುಖ ಮೇಲೆತ್ತಿ, ಕೋಲನ್ನು ತಲೆಯ ಮೇಲಿಂದ ಹಿಂದಕ್ಕೆ ಚಾಚಿ ಆರಂಭಿಸಿದೆ.

“ಇದು ಸ್ವರ್ಗ! ಇಲ್ಲಿ ಹಸಿವಿಲ್ಲ, ಜಗಳವಿಲ್ಲ. ಇಲ್ಲಿನವರು ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅಪಾರ ಪ್ರೀತಿ.”

ನಾಲ್ಕನೆಯ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಐದನೆಯ ಸಾಲಿನಲ್ಲಿ ನಕ್ಕರು.

ನನ್ನ ಬೆನ್ನ ಹಿಂದೆ ಆಗಿದ್ದು ಇಷ್ಟು. ಮೇಲೆ ಉತ್ತರವೇ ಇರಬೇಕೆಂದು ಶಾಲೆಯಲ್ಲಿ ಕಲಿತಿದ್ದ ಭಾವ, ಸ್ವರ್ಗ ಪೂರ್ವದಲ್ಲಿದೆಯೆಂದು ನನ್ನಿಂದಲೇ ಕಲಿತಿದ್ದ ಭಾವ, ನಕ್ಷೆಯನ್ನು ಕಾಲು ಸುತ್ತು ತಿರುಗಿಸಿ ಸ್ವರ್ಗವನ್ನು ಬಲಗಡೆಗೆ ತಂದು ಕಟ್ಟಿದ್ದರು. ಈಗ ಮೇಲಿದ್ದವರು ನರಭಕ್ಷಕರು. ಅಪಾರ ಪ್ರೀತಿಯ ಜಾಗದಲ್ಲಿ ಒಬ್ಬ ಇನ್ನೊಬ್ಬನ ಕಾಲನ್ನು ಜಗಿಯುತ್ತಿದ್ದ!

ನನಗೆ ಇದೊಂದೂ ಗೊತ್ತಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಜನ ನಕ್ಕಿದ್ದರು. ಸ್ವರ ತಾನಾಗಿ ಏರಿತು. ಕೋಲನ್ನು ಬಲ ಅಂಚಿಗೆ ಬೀಸಿದೆ.

“ಈ ದಕ್ಷಿಣದವರನ್ನು ನೋಡಿ! ಇವರಿಗೆ ತಲೆಯೇ ಇಲ್ಲ!”

ಕೋಲು ಮುಟ್ಟಿದ್ದು ಆದಾಮ, ಏವಾರನ್ನು. ಅಕ್ಕನ ಬೇಲಿಯ ದೆಸೆಯಿಂದ ಅವರಿಗೆ ತಲೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಸಭೆ ಹೋ ಎಂದಿತು. ನಾನು ಇನ್ನಷ್ಟು ಉತ್ಸಾಹದಿಂದ ಕೆಳಗೆ ಎಡಕ್ಕೆ ತಿರುಗಿದೆ.

“ಇದು ಯುರೋಪು. ನಮ್ಮ ಪೂಜ್ಯ ಫಾದರ್ ಹುಟ್ಟಿದ ಖಂಡ. ಇಲ್ಲಿಯ ಜನರ ರೂಪವೇನು, ಗಾಂಭೀರ್ಯವೇನು!”

ಅಲ್ಲಿ ಈಗ ಎದೆಯಲ್ಲಿ ಮುಖವಿದ್ದವನೊಬ್ಬ ಕಾಲು ಮೇಲೆ ಮಾಡಿ ಹಲ್ಲು ಕಿರಿಯುತ್ತಿದ್ದ. ಫಾದರ್ ಅವನನ್ನು ಸಾವಕಾಶವಾಗಿ ನೋಡಿದರು. ಆಮೇಲೆ ತಲೆ ಬಗ್ಗಿಸಿ ತಮ್ಮ ಎದೆಯನ್ನೊಮ್ಮೆ ನೋಡಿಕೊಂಡರು. ಜನ ಕುರ್ಚಿಯಿಂದ ಜಾರಿದರು.

ಇಡೀ ಭಾಷಣದಲ್ಲಿ ನಾನು ಸರಿಯಾಗಿ ತೋರಿಸಿದ್ದು ಜೆರುಸಲೇಮ್ ಒಂದನ್ನೇ. ನಡುವಿನಲ್ಲಿದ್ದುದರಿಂದ ಅದು ಎಲ್ಲಿಗೂ ಹೋಗಿರಲಿಲ್ಲ. ಅಲ್ಲಿ ಮಾತ್ರ ಯಾರೂ ನಗಲಿಲ್ಲ. ಈ ಭಾಗ ಸಪ್ಪೆಯಾಯಿತೆಂದು ಬೇಗ ಮುಗಿಸಿಬಿಟ್ಟೆ.

“ಪ್ರಶ್ನೆಗಳಿದ್ದರೆ ಕೇಳಬಹುದು,” ಎಂದೆ, ಪ್ರಸಿದ್ಧ ಭಾಷಣಕಾರ್ತಿಯಂತೆ.

ಬಜ್ಪೆಯ ಸಿಸಿಲಿಯಾ ಆಂಟಿ ಎದ್ದು ನಿಂತರು. “ನಮ್ಮ ಇಂಡಿಯಾ ಎಲ್ಲಿ ಉಂಟು ಮಗಾ?”

ಇಂಡಿಯಾ ಚಿಕ್ಕದು. ನೋಡದೆ ಮುಟ್ಟುವುದನ್ನು ಅಭ್ಯಾಸ ಮಾಡಿರಲಿಲ್ಲ. ನಗುನಗುತ್ತ ಹಿಂದಕ್ಕೆ ತಿರುಗಿ ನಕ್ಷೆಯನ್ನು ನೋಡಿದೆ.

ನಗು ಮುಖದ ಮೇಲೆ ಹಾಗೇ ಉಳಿಯಿತು. ಒಳಗಿದ್ದ ನಾನು ಮಾತ್ರ ಓಡಿಹೋದೆ! ಸ್ವರ್ಗ, ನರಭಕ್ಷಕರು, ಯುರೋಪು, ಫಾದರ್ ಎಲ್ಲ ಒಟ್ಟಿಗೆ ಅರ್ಥವಾಯಿತು. ಮಿಸೆಸ್ ಪಿರೇರಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಆ ಗಳಿಗೆಯಲ್ಲಿ ಬುದ್ಧಿಯಿದ್ದವರು ಊಟಕ್ಕೆ ಏಳಿ ಎನ್ನುತ್ತಿದ್ದರು. ನಾನು ಇತಿಹಾಸದ ವಿದ್ಯಾರ್ಥಿನಿ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆ.

“ಇಂಡಿಯಾ ಇಲ್ಲಿದೆ ಆಂಟಿ. ಕೆಳಗೆ, ಈ ಬೇಲಿಯ ಹತ್ತಿರ.”

“ಅಲ್ಲಿ ನಿಂತವನಿಗೆ ಒಂದೇ ಕಾಲು ಉಂಟಲ್ಲ?”

“ಇಂಡಿಯಾದವರಿಗೆ ಒಂದೇ ಕಾಲು ಎಂದು ಆಗಿನವರು ನಂಬಿದ್ದರು. ಬಿಸಿಲಾದರೆ ಮಲಗಿ, ಆ ಪಾದವನ್ನೇ ಕೊಡೆಯ ಹಾಗೆ ಹಿಡಿಯುತ್ತಿದ್ದರಂತೆ.”

ಸಭೆ ಒಮ್ಮೆಗೇ ಗಂಭೀರವಾಯಿತು. ಫಾದರಿಗೆ ತಲೆಯಿಲ್ಲ ಎಂದಾಗ ನಕ್ಕವರೆಲ್ಲ ಈಗ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು.

“ಬಜ್ಪೆಯವರಿಗೆ ಮೊದಲಿನಿಂದಲೂ ಎರಡು ಕಾಲು ಉಂಟು!” ಎಂದು ಆಂಟಿ ಗುಡುಗಿದರು. “ಅಷ್ಟು ಓದಿ ಇದನ್ನು ಕಲಿತದ್ದಾ ನೀನು?”

“ಮೂಡುಬಿದಿರೆ ಕಡೆ ಇರಬಹುದು ಆಂಟಿ,” ಎಂದರು ಯಾರೋ. ಮೂಡುಬಿದಿರೆಯವರು ನಾಲ್ಕು ಜನ ಎದ್ದು ನಿಂತರು. ಅಧ್ಯಕ್ಷರು ಓಡಿಬಂದು ಬಿರಿಯಾನಿಯ ಮುಚ್ಚಳ ತೆಗೆಸಿದ್ದರಿಂದ ರಕ್ತಪಾತ ತಪ್ಪಿತು.

ನಾನು ಪರದೆಯ ಹಿಂದೆ ಬೆಡ್‌ಶೀಟಿನ ಗಂಟು ಬಿಚ್ಚುತ್ತಿದ್ದಾಗ ಮಿಸೆಸ್ ಪಿರೇರಾ ಬಂದರು. ಕಣ್ಣುಗಳು ಕೆಂಪಗಾಗಿದ್ದವು.

“ನಿಮ್ಮ ಸ್ವರ ಕೊನೆಯ ಸಾಲಿನವರೆಗೂ ಕೇಳಿಸಿತು,” ಎಂದರು.

ನನ್ನ ಎದೆ ಉಬ್ಬಿತು.

“ಒಂದು ತಪ್ಪೂ ಕೇಳದೆ ಹೋಗಲಿಲ್ಲ.”

ಎದೆ ಇಳಿಯಿತು.

“ಮಕ್ಕಳು ಪರೀಕ್ಷೆಯಲ್ಲಿ ಇದನ್ನೇ ಬರೆದರೆ ನಾನು ತಂದೆತಾಯಿಯರಿಗೆ ಏನು ಹೇಳಲಿ? ಸ್ವಲ್ಪ ಕಾಲ ಕಳೆಯಲಿ, ಆಮೇಲೆ ಬನ್ನಿ. ಅಂದಹಾಗೆ, ಆ ನಕ್ಷೆ ಕಟ್ಟಿದ್ದು ಯಾರು?”

ಭಾವ ಅಪರಾಧಿಯಂತೆ ಕೈಯೆತ್ತಿದರು. “ನಾನು ಮೇಡಂ. ನಾರ್ತ್ ಮೇಲೆ ಬರಬೇಕಲ್ಲ ಅಂತ...”

“ಬರಬೇಕು!” ಎಂದರು ಮಿಸೆಸ್ ಪಿರೇರಾ. “ನಮ್ಮಲ್ಲಿ ಜಿಯಾಗ್ರಫಿಗೂ ಜನ ಬೇಕು. ನೀವು ಗ್ರಾಜುಯೇಟಾ?”

ಭಾವ ಪಿಯುಸಿ ಎರಡು ಸಲ ಬರೆದವರು. ಆದರೂ ಆ ಪ್ರಶ್ನೆಯ ಖುಷಿ ಅವರ ಮುಖದಿಂದ ಒಂದು ತಿಂಗಳು ಇಳಿಯಲಿಲ್ಲ. ಮನೆಗೆ ಯಾರೇ ಬಂದರೂ, “ನನ್ನನ್ನು ಟೀಚರ್ ಕೆಲಸಕ್ಕೆ ಕರೆದಿದ್ದರು, ನಾನೇ ಹೋಗಲಿಲ್ಲ” ಎನ್ನುತ್ತಿದ್ದರು.

ಬೆಡ್‌ಶೀಟನ್ನು ಅಕ್ಕ ಮೂರು ಸಲ ಒಗೆದಳು. ಹಸನಬ್ಬರ ಮಾತು ಸತ್ಯವಾಯಿತು. ಆಮೇಲೆ ಅದನ್ನು ನನ್ನ ಮಂಚಕ್ಕೇ ಹಾಸಿದಳು.

ವಾರ್ಷಿಕೋತ್ಸವದ ಮರುದಿನ, ಶನಿವಾರ ಬೆಳಿಗ್ಗೆ, ಕಚೇರಿಗೆ ಹೋಗಿ ಮೆಶಿನ್‌ಗೆ ಹಾಳೆ ಹಾಕಿದೆ. ಪಟ್ಟಿಯಲ್ಲಿ ನಲವತ್ತು ಪೆಟ್ಟಿಗೆಗಳಿದ್ದವು. ಅವುಗಳನ್ನು ಹೊಡೆದು ಮುಗಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಕೊನೆಯಲ್ಲಿ ಇನ್ನೂ ಒಂದು ಸಾಲು ಹೊಡೆದೆ: ಟೈಪಿಸ್ಟ್, ಒಂದು. ಒಳಗೆ ಎಂ.ಎ. ಇದೆಯೆಂದು ಹೇಳಲಾಗಿದೆ.