ತುಂಗಭದ್ರೆಯಾಚೆ ಹೋಗುವವರಿಗೆ ನಲವತ್ತು ಸಲಹೆಗಳು

೧೯೪೭ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ತುಂಗಭದ್ರೆಯ ಆಚೆ ದಂಡೆ ಪರದೇಶವಾಯಿತು. ನದಿ ಮಾತ್ರ ಮೊದಲಿನ ಜಾಗದಲ್ಲೇ ಹರಿಯುತ್ತಿತ್ತು. ರಾಯಚೂರು, ಮಾನ್ವಿ, ದೇವದುರ್ಗಗಳು ಹೈದರಾಬಾದ್ ಸಂಸ್ಥಾನದಲ್ಲಿ ಉಳಿದವು, ಆಚೆಯದು ಹಿಂದುಸ್ತಾನವಾಯಿತು. ಮಾನ್ವಿ ತಾಲೂಕಿನ ಜನ ಅಲ್ಲಿಯವರೆಗೆ ಆಚೆ ದಂಡೆಗೆ ಸಂತೆಗೆ, ಮದುವೆಗೆ, ಜಗಳಕ್ಕೆ ಹೋಗಿಬರುತ್ತಿದ್ದರು. ಇವರೆಲ್ಲ ಯಾವ ತಿಳುವಳಿಕೆಯೂ ಇಲ್ಲದೆ ಪರದೇಶ ಪ್ರವಾಸ ಮಾಡುತ್ತಿದ್ದಾರೆಂಬ ಸಂಗತಿ ರಾಯಚೂರಿನಲ್ಲಿ ಹೊಸದಾಗಿ ತೆರೆದ ಪರದೇಶ ಪ್ರವಾಸ ಸಲಹಾ ದಫ್ತರದ ಗಮನಕ್ಕೆ ಬಂದು, ದಫ್ತರಕ್ಕೆ ಬಹಳ ಕಳವಳವಾಯಿತು.

ದಫ್ತರದ ಮುಖ್ಯಸ್ಥರು ಸೈಫುದ್ದೀನ್ ಸಾಹೇಬರು. ಸಜ್ಜನರು. ವಿಲಾಯತಿಗೆ ಹೋಗುವವರಿಗೆಂದು ಉರ್ದುವಿನಲ್ಲಿ ಅಚ್ಚಾದ ಒಂದು ಕೈಪಿಡಿ ಅವರ ಬಳಿ ಇತ್ತು. ಅದರಲ್ಲಿ ‘ವಿಲಾಯತ್’ ಎಂದಿದ್ದಲ್ಲಿ ‘ಆಚೆ ದಂಡೆ’ ಎಂದೂ, ‘ಸಮುದ್ರ’ ಎಂದಿದ್ದಲ್ಲಿ ‘ಹೊಳೆ’ ಎಂದೂ ತಿದ್ದಿ, ಕನ್ನಡಕ್ಕೆ ಇಳಿಸಲು ಮಾನ್ವಿಯ ಶಾಲಾ ಮಾಸ್ತರ ಶೇಷಗಿರಿಯವರಿಗೆ ಕಳಿಸಿದರು. ಮಿಕ್ಕಿದ್ದನ್ನು ಮುಟ್ಟಬಾರದೆಂದು ಹುಕುಂ ಇತ್ತು. ಮಾಸ್ತರರು ಮುಟ್ಟಲಿಲ್ಲ.

ಹೀಗೆ ನಲವತ್ತು ಸಲಹೆಗಳು ಸಿದ್ಧವಾದವು. ಆಚೆ ದಂಡೆಯಲ್ಲಿ ಹಿಮ ಬೀಳುವುದರಿಂದ ಉಣ್ಣೆಯ ಕೋಟು ತೊಟ್ಟು ಹೋಗಬೇಕು. ಹೊಳೆಯ ಮಧ್ಯದಲ್ಲಿ ಎರಡನೆಯ ವಾರ ಯಾರಿಗಾದರೂ ವಾಂತಿಯಾದರೆ ನಿಂಬೆಹಣ್ಣು ಮೂಸಿಸಬೇಕು. ಇಳಿದ ಕೂಡಲೇ ಗಡಿಯಾರವನ್ನು ಐದೂವರೆ ತಾಸು ಹಿಂದಕ್ಕೆ ತಿರುಗಿಸಬೇಕು. ಅಲ್ಲಿಯವರು ಊಟಕ್ಕೆ ಚಾಕು ಇಟ್ಟರೆ ಗಾಬರಿಯಾಗಬಾರದು. ಕೊನೆಯಲ್ಲಿ ಪರದೇಶದಲ್ಲಿ ಬಳಕೆಗೆ ಬರುವ ಮಾತುಗಳ ಪಟ್ಟಿಯಿತ್ತು. ಎಡಗಡೆ ನಮ್ಮ ಭಾಷೆ, ಬಲಗಡೆ ಅವರ ಭಾಷೆ. ಎಡಗಡೆ ‘ನೀರು ಕೊಡ್ರಿ’ ಎಂದಿತ್ತು. ಬಲಗಡೆಯೂ ‘ನೀರು ಕೊಡ್ರಿ’ ಎಂದಿತ್ತು. ಈ ಸಲಹೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪಾಸಾಗದವರು ಹೊಳೆ ದಾಟಕೂಡದೆಂದು ಡಂಗುರ ಸಾರಲಾಯಿತು.

ಶೇಷಗಿರಿ ಮಾಸ್ತರರ ಅತ್ತಿಗೆ ಅಹಲ್ಯಾಬಾಯಿ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಒಬ್ಬಳೇ ಮಗಳು ವಿಜಯಾಳನ್ನು ಆಚೆ ದಂಡೆಯ ರಾಮಾಪುರಕ್ಕೆ ಕೊಟ್ಟಿದ್ದರು. ಅಳಿಯ ವೆಂಕಟೇಶ ಅಲ್ಲಿಯ ಗುಡಿಯ ಅರ್ಚಕ. ಮಗಳಿಗೆ ಚೊಚ್ಚಲು, ಎಂಟರಲ್ಲಿ ಬಿದ್ದಿತ್ತು. ಅತ್ತೆ ಇಲ್ಲದ ಮನೆ. ಬಾಣಂತನ ಮಾಡುವ ಹೆಂಗಸು ಆ ಮನೆಯಲ್ಲಿ ಒಬ್ಬಳೂ ಇರಲಿಲ್ಲ. ಅಳಿಯ ಮೂರು ಹೊತ್ತಿನ ಪೂಜೆ ಬಿಟ್ಟು ಕದಲುವಂತಿರಲಿಲ್ಲ. ಕರೆತರಲು ತಾಯಿಯೇ ಹೋಗಬೇಕು.

ಪುಷ್ಯ ಮಾಸ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಅಹಲ್ಯಾಬಾಯಿ ಸೀರೆಯನ್ನು ಮೇಲಕ್ಕೆತ್ತಿ ನೀರಿಗಿಳಿಯುವಾಗ ಕಾವಲಿನ ಜವಾನ ತಡೆದ.

“ಎಲ್ಲಿಗೆ ಹೊಂಟೀರಿ ಯವ್ವಾ?”

“ಅಲ್ಲಿ ಕಾಣಸ್ತದಲ್ಲಪ್ಪಾ, ಆ ಹುಣಸಿ ಗಿಡ. ಅದರ ಹಿಂದ ನನ್ನ ಮಗಳ ಮನಿ.”

“ಅದು ಪರದೇಶ ಅದ. ಪಾಸಾಗೀರೇನು?”

ಆಗಿರಲಿಲ್ಲ. ಅಹಲ್ಯಾಬಾಯಿ ಮೈದುನನನ್ನು ಕರೆದುಕೊಂಡು ರಾಯಚೂರಿಗೆ ಹೋಗಿ ಸೈಫುದ್ದೀನ್ ಸಾಹೇಬರ ಮುಂದೆ ನಿಂತರು. ಸಾಹೇಬರು ಎದ್ದು ನಿಂತು, ಕುರ್ಚಿ ಹಾಕಿಸಿದರು.

“ಸಾಹೇಬ್ರ, ಹೊಳ್ಯಾಗ ನೀರು ಮೊಣಕಾಲುದ್ದ ಅದ್ರಿ,” ಎಂದರು ಅಹಲ್ಯಾಬಾಯಿ. “ಮಗಳಿಗೆ ಎಂಟು ತಿಂಗಳು. ನಂಗೆಲ್ಲಿ ಪರೀಕ್ಷಾ?”

“ನೀರು ಮೊಣಕಾಲುದ್ದ ಇರಬಹುದು ಬಾಯೀ. ಪರದೇಶ ಮೊಣಕಾಲುದ್ದ ಇರೂದಿಲ್ಲ,” ಎಂದರು ಸಾಹೇಬರು ನಿಜವಾದ ಮರುಕದಿಂದ. “ನಾಳೆ ನಿಮಗ ಅಲ್ಲೇನರ ಆತಂದ್ರ ನನಗ ನಿದ್ದಿ ಹತ್ತೂದಿಲ್ಲ. ದೇವದುರ್ಗಕ್ಕ ಹೋಗ್ರಿ. ಪರೀಕ್ಷಾ ಅಲ್ಲಿ ಅದ.”

“ದೇವದುರ್ಗ ಯಾಕ್ರಿ? ನಮ್ಮೂರಿಂದ ಹೊಳಿ ಈ ಕಡೆ, ಅದು ಆ ಕಡೆ.”

“ದೇವದುರ್ಗದಿಂದ ಯಾರೂ ಪರದೇಶಕ್ಕ ಹೋಗೂದಿಲ್ಲ. ಅಲ್ಲಿ ಗುಮಾಸ್ತಗ ಪುರುಸೊತ್ತದ.”

ಚಕ್ಕಡಿಯಲ್ಲಿ ಎರಡು ದಿನ ಪ್ರಯಾಣ ಮಾಡಿ ದೇವದುರ್ಗ ತಲುಪುವಷ್ಟರಲ್ಲಿ ಮಾಸ್ತರರು ನಲವತ್ತು ಸಲಹೆಗಳನ್ನೂ ಅತ್ತಿಗೆಯ ಬಾಯಿಗೆ ಹಾಕಿದರು. ಅಹಲ್ಯಾಬಾಯಿಗೆ ಓದು ಬರುತ್ತಿರಲಿಲ್ಲ. ಆದರೆ ನೂರಾರು ದೇವರನಾಮ ಬಾಯಿಗೆ ಬರುತ್ತಿದ್ದವು. ಸಲಹೆಗಳನ್ನೂ ಹಾಗೆಯೇ ರಾಗವಾಗಿ ಹೇಳತೊಡಗಿದರು. ನಡುನಡುವೆ ಕಣ್ಣೊರೆಸಿಕೊಂಡು, “ಶೇಷಗಿರಿ, ಹುಡುಗಿ ಒಬ್ಬಾಕಿನೇ ಅದಾಳೋ,” ಎನ್ನುತ್ತಿದ್ದರು. “ಹದಿನೇಳನೇದು ಹೇಳ್ರಿ ವೈನಿ,” ಎನ್ನುತ್ತಿದ್ದರು ಮಾಸ್ತರರು, ಬೇರೆ ಏನು ಹೇಳಬೇಕೆಂದು ತಿಳಿಯದೆ.

ದೇವದುರ್ಗದ ಗುಮಾಸ್ತ ಗುಲಾಮ್ ದಸ್ತಗೀರ್ ಬಾಯಿಪಾಠ ಕೇಳಿ ತಲೆದೂಗಿದರು. ಇನ್ನು ಉಳಿದದ್ದು ನೀರಿನ ಮೇಲಿನ ಪರೀಕ್ಷೆ. ಅದಕ್ಕೆ ಕೃಷ್ಣಾ ನದಿಗೆ ಹೋಗಬೇಕು. ಕೃಷ್ಣೆಯ ಆಚೆ ದಂಡೆಯೂ ನಮ್ಮ ಸಂಸ್ಥಾನವೇ ಆದ್ದರಿಂದ ಅದನ್ನು ಅಭ್ಯಾಸಕ್ಕಾಗಿ ಮಾತ್ರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಶುಕ್ರವಾರ ಹೊರತುಪಡಿಸಿ, ಪರದೇಶವೆಂದು ಗೊತ್ತುಪಡಿಸಲಾಗಿತ್ತು. ಆಚೆಯ ರೈತರಿಗೆ ಇದು ತಿಳಿದಿರಲಿಲ್ಲ. ತಿಳಿಸುವ ಅಗತ್ಯವೂ ಕಂಡುಬಂದಿರಲಿಲ್ಲ.

ಹರಗೋಲು ಹತ್ತಿದ ಮೇಲೆ ಗುಮಾಸ್ತರು ಹೇಳಿದರು: “ಬಾಯೀ, ಈಗ ನಿಮಗ ವಾಂತಿ ಆಗಬೇಕು. ಆಗ ನಿಂಬಿಹಣ್ಣಿನ ಸಲಹಾ ಪ್ರಕಾರ ನಡಕೋಬೇಕು.”

“ನನಗ ವಾಂತಿ ಬರಾಕತ್ತಿಲ್ಲಲ್ರಿ.”

“ಪ್ರಯತ್ನ ಮಾಡ್ರಿ. ಫಾರಂನಾಗ ಜಾಗ ಅದ.”

ಅಹಲ್ಯಾಬಾಯಿ ಪ್ರಯತ್ನ ಮಾಡಿದರು. ಅಂಬಿಗ ಹರಗೋಲನ್ನು ಬುಗುರಿಯಂತೆ ಏಳು ಸುತ್ತು ತಿರುಗಿಸಿದ. ಎಂಟನೆಯ ಸುತ್ತಿಗೆ ಗುಲಾಮ್ ದಸ್ತಗೀರರೇ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡರು. ಅಹಲ್ಯಾಬಾಯಿ ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು ಅವರಿಗೆ ಮೂಸಿಸಿ, “ಯಪ್ಪಾ, ಕಣ್ಣ ಮುಚ್ಚು, ನೀರ ಕಡಿ ನೋಡಬ್ಯಾಡ,” ಎಂದು ತಲೆ ಹಿಡಿದುಕೊಂಡರು. ಫಾರಂನಲ್ಲಿ ‘ವಾಂತಿ: ಆಯಿತು’ ಎಂದು ಬರೆಯಲಾಯಿತು. ಯಾರಿಗೆ ಎಂದು ಕೇಳುವ ಕಲಂ ಇರಲಿಲ್ಲ. ಅಹಲ್ಯಾಬಾಯಿ ಮೊದಲನೆಯ ದರ್ಜೆಯಲ್ಲಿ ಪಾಸಾದರು.

ಮರುವಾರ ಅವರು ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಂಬಳಿ ಹೊದ್ದು ತುಂಗಭದ್ರೆ ದಾಟಿದರು. ಕಂಬಳಿಯನ್ನು ಕೋಟೆಂದು ಒಪ್ಪಲಾಗಿತ್ತು, ‘ತೋಳಿಲ್ಲ’ ಎಂಬ ಷರಾದೊಂದಿಗೆ. ದಾಟಲು ಕಾಲು ತಾಸು ಹಿಡಿಯಿತು. ಮಗಳು ಹುಣಸೆ ಗಿಡದ ಕೆಳಗೆ ಕಾಯುತ್ತಿದ್ದಳು. ತಾಯಿಯನ್ನು ನೋಡಿ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. “ಯವ್ವಾ, ಕಂಬಳಿ ಯಾಕ?” ಎಂದಳು. “ನಿಮ್ಮ ದೇಶದಾಗ ಹಿಮ ಬೀಳ್ತದಂತ,” ಎಂದರು ಅಹಲ್ಯಾಬಾಯಿ, ಬೆವರು ಒರೆಸಿಕೊಳ್ಳುತ್ತ.

ಮಾಘದಲ್ಲಿ ಮಾನ್ವಿಯ ಮನೆಯಲ್ಲಿ ವಿಜಯಾ ಹೆಣ್ಣು ಹೆತ್ತಳು. ತಾಯಿ ಮಗು ಇಬ್ಬರೂ ಕ್ಷೇಮ.

ಇಷ್ಟರಲ್ಲಿ ದಫ್ತರ ತನ್ನ ಕೆಲಸವನ್ನು ಪರಿಶೀಲಿಸಿತು. ಪಾಸಾದವರು ಒಬ್ಬರೇ, ಅಹಲ್ಯಾಬಾಯಿ. ಪರದೇಶಕ್ಕೆ ಹೋಗಿ ಬದುಕಿ ಬಂದ ಅನುಭವವೂ ಅವರದೇ. ಗುಲಾಮ್ ದಸ್ತಗೀರರು ಮತ್ತೆ ನೀರಿನ ಮೇಲೆ ಹೋಗಲು ಒಲ್ಲೆನೆಂದು ಅರ್ಜಿ ಹಾಕಿದ್ದರು. ಆದಕಾರಣ ಅಹಲ್ಯಾಬಾಯಿಯವರನ್ನು ಮಾನ್ವಿ ತಾಲೂಕಿನ ಗೌರವ ಪರೀಕ್ಷಕರನ್ನಾಗಿ ನೇಮಿಸಲಾಯಿತು. ಅವರ ಮನೆಯ ಕಟ್ಟೆಯೇ ಪರೀಕ್ಷಾ ಕೇಂದ್ರ, ನೀರಿನ ಮೇಲಿನ ಪರೀಕ್ಷೆಗೆ ವಿನಾಯಿತಿ. ಬರೆಯಲು ಶೇಷಗಿರಿ ಮಾಸ್ತರರು.

ವೈಶಾಖದಲ್ಲಿ ಅಳಿಯ ವೆಂಕಟೇಶ ಪೂಜೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಹೆಂಡತಿಯನ್ನು ಕರೆದೊಯ್ಯಲು ಬಂದ. ಬರಲು ಅಡ್ಡಿಯಿರಲಿಲ್ಲ. ನಮ್ಮ ದೇಶಕ್ಕೆ ಬರುವವರಿಗೆ ಇಲ್ಲಿ ತೊಂದರೆಯೇ ಇಲ್ಲವಾದ್ದರಿಂದ ಸಲಹೆ ಬೇಕಿಲ್ಲವೆಂಬುದು ದಫ್ತರದ ನಿಲುವು. ಆದರೆ ತಿರುಗಿ ಹೋಗುವಾಗ ಅವರೂ ಪರದೇಶಕ್ಕೆ ಹೋಗುವವರೇ.

“ಅತ್ತಿ, ಅದು ನಮ್ಮ ಊರ್ರಿ,” ಎಂದ ವೆಂಕಟೇಶ.

“ಖರೆ ಅದ. ಆದ್ರ ಈಗ ನೀವು ಇಲ್ಲಿ ಕೂತೀರಿ. ಇಲ್ಲಿಂದ ಅದು ಪರದೇಶ. ಸರಕಾರ ಹೇಳಿದ್ದು ನಾ ಹೆಂಗ ಮೀರಲ್ರಿ?” ಎಂದರು ಅಹಲ್ಯಾಬಾಯಿ. ಅಳಿಯನನ್ನು ಹದಿನೇಳನೆಯ ಸಲಹೆ ಕೇಳಿದರು. ಅವನು ತಡವರಿಸಿ ಅರ್ಧ ಹೇಳಿದ. “ಅಳಿಯಂದಿರು ಬಹಳ ಶಾಣ್ಯಾ. ಪೂರಾ ಮಾರ್ಕು ಬರಕೋ ಶೇಷಗಿರಿ,” ಎಂದರು.

ಆಮೇಲೆ ಮಗಳು ಕುಳಿತಳು. ಮೂರು ತಿಂಗಳಿಂದ ದಿನವೂ ಕೇಳಿಸಿಕೊಂಡಿದ್ದರಿಂದ ನಲವತ್ತನ್ನೂ ತಪ್ಪಿಲ್ಲದೆ ಹೇಳಿದಳು. ಅಹಲ್ಯಾಬಾಯಿ ಬಹಳ ಹೊತ್ತು ಮಗಳ ಮುಖ ನೋಡಿದರು. ಕಣ್ಣಿನ ಕೆಳಗಿನ ಕಪ್ಪು ಇನ್ನೂ ಹೋಗಿರಲಿಲ್ಲ. ರಾಮಾಪುರದ ಮನೆಯಲ್ಲಿ ನೀರು ಸೇದುವುದರಿಂದ ಹಿಡಿದು ನೈವೇದ್ಯದವರೆಗೆ ಎಲ್ಲ ಇವಳೊಬ್ಬಳದೇ, ಸೊಂಟದ ಮೇಲೆ ಕೂಸು ಬೇರೆ.

“ನಪಾಸು,” ಎಂದರು.

“ಎಲ್ಲಾ ಸರಿ ಹೇಳಿದ್ಲಲ್ರೀ ಅತ್ತಿ!”

“ರಾಗ ತಪ್ಯಾಳ.”

ವೆಂಕಟೇಶ ನಿಯಮ ನೋಡಿದ. ಪಾಸಾದವರು ಮರುದಿನವೇ ಹೊರಡಬೇಕು. ನಪಾಸಾದವರು ಮೂರು ತಿಂಗಳು ಬಿಟ್ಟು ಮತ್ತೆ ಕೂಡಬಹುದು. ಅವನು ಹೆಂಡತಿಯ ಕಡೆ ನೋಡಿದ. “ಇನ್ನಷ್ಟು ಓದ್ತೀನ್ರಿ,” ಎಂದಳು ವಿಜಯಾ ತಲೆ ತಗ್ಗಿಸಿ, ಮಗುವಿನ ಕುಲಾವಿ ಸರಿಮಾಡುತ್ತ. ಅವನು ಮೊದಲನೆಯ ದರ್ಜೆಯ ಕಾಗದ ಮಡಚಿಕೊಂಡು ಒಬ್ಬನೇ ಹೊಳೆ ದಾಟಿದ. ತನಗೆ ಅನ್ಯಾಯವಾಯಿತೆಂದು ಹೇಳುವಂತೆಯೂ ಇರಲಿಲ್ಲ.

ಸುದ್ದಿ ತಾಲೂಕಿನ ತುಂಬ ಹಬ್ಬಿತು. ಸಿರವಾರದಿಂದಲೂ ತಾಯಂದಿರು ತವರಿಗೆ ಬಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಹಣ್ಣಿನ ವ್ಯಾಪಾರದ ಜೈಬುನ್ನೀಸಾ ಇಬ್ಬರು ಹೆಣ್ಣುಮಕ್ಕಳನ್ನು ಕೂಡಿಸಿ, ಇಬ್ಬರಿಗೂ ನಪಾಸು ಪಡೆದಳು. ದಫ್ತರಕ್ಕೆ ವರದಿ ಹೋಯಿತು: ಅಳಿಯಂದಿರು ನೂರಕ್ಕೆ ನೂರು, ಹೆಣ್ಣುಮಕ್ಕಳು ಸೊನ್ನೆ. ದಫ್ತರ ಇದನ್ನು ಓದಿ, ಪರೀಕ್ಷೆಯ ಮಟ್ಟ ಚೆನ್ನಾಗಿದೆಯೆಂದು ತೃಪ್ತಿ ಸೂಚಿಸಿತು.

ಜ್ಯೇಷ್ಠದ ಒಂದು ಬೆಳಿಗ್ಗೆ ಕಟ್ಟೆಯ ಮುಂದೆ ಟಾಂಗಾ ನಿಂತಿತು. ಸೈಫುದ್ದೀನ್ ಸಾಹೇಬರೇ ಇಳಿದರು. ತಪಾಸಣೆಯೆಂದು ಮಾಸ್ತರರು ಎದ್ದು ನಿಂತರು. ಸಾಹೇಬರ ಹಿಂದೆ ಬುರ್ಖಾ ತೊಟ್ಟ ಒಬ್ಬ ಹುಡುಗಿ ಇಳಿದಳು.

“ನನ್ನ ಮಗಳು, ಶಹಜಾದಿ,” ಎಂದರು ಸಾಹೇಬರು. “ಹೊಳಿ ಆಚೆ ಆದವಾನಿಗೆ ಕೊಟ್ಟೀವಿ. ಬಂದು ಎಂಟು ದಿನ ಆಗಿಲ್ಲ, ಕರಿಯಾಕ ಬಂದಾರ.” ಆಮೇಲೆ ದನಿ ತಗ್ಗಿಸಿದರು. “ಪ್ರಶ್ನಿ ಸ್ವಲ್ಪ ಕಠಿಣ ಇರ್ಲಿ ಯವ್ವಾ.”

ಅಹಲ್ಯಾಬಾಯಿ ಹುಡುಗಿಯನ್ನು ಹತ್ತಿರ ಕೂಡಿಸಿಕೊಂಡರು. “ನಿನ್ನ ಹೆಸರೇನವ್ವಾ?”

“ಶಹಜಾದಿ ಬೇಗಂ.”

ಅಹಲ್ಯಾಬಾಯಿ ಸಾಹೇಬರ ಕಡೆ ನೋಡಿದರು. ಸಾಹೇಬರು ಟಾಂಗಾದ ಕಡೆ ನೋಡಿದರು.

“ತಪ್ಪು,” ಎಂದರು ಅಹಲ್ಯಾಬಾಯಿ. ಮಾಸ್ತರರು ಬರೆದುಕೊಂಡರು. ಸಾಹೇಬರು ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿ, ಸರಿಯಾಗಿದೆಯೆಂದು ರುಜು ಹಾಕಿದರು.