ಎರಡು ಮಿಲಿಮೀಟರ್ ಕೊಸರು

ಕೊಸರಿಲ್ಲದೆ ನಾನು ಈ ಲೋಕದಲ್ಲಿ ಏನನ್ನೂ ಕೊಂಡವನಲ್ಲ. ಮೊದಲೆಲ್ಲ ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ; ಈಚೆಗೆ ದನಿ ಸ್ವಲ್ಪ ತಗ್ಗಿಸಿ ಹೇಳುತ್ತೇನೆ. ತಕ್ಕಡಿಯ ಮುಳ್ಳು ನಿಂತ ಮೇಲೆ ತರಕಾರಿಯವನು ಎಸೆಯುವ ನಾಲ್ಕು ಹುರುಳಿಕಾಯಿ, ಮೊಳ ಅಳೆದಾದ ಮೇಲೆ ಹೂವಿನಾಕೆ ಬಿಡುವ ಒಂದು ಗೇಣು ಮಲ್ಲಿಗೆ, ಲೀಟರು ತುಂಬಿದ ಮೇಲೆ ಹಾಲಿನವನು ಸುರಿಯುವ ಆ ಕೊನೆಯ ಗುಟುಕು, ಇವುಗಳಲ್ಲಿರುವ ರುಚಿ ಅಳತೆಯೊಳಗಿನ ಮಾಲಿನಲ್ಲಿ ಎಲ್ಲಿದೆ ಹೇಳಿ? ಅಳತೆಯೊಳಗಿನದು ದುಡ್ಡಿಗೆ ಬಂದದ್ದು. ಅದರ ಮೇಲಿನದು ನಮ್ಮ ಬಾಯಿಯ ಸಂಪಾದನೆ.

ಹಾಗಂತ ಕೊಸರನ್ನು ಹೇಗೆಂದರೆ ಹಾಗೆ ಕೇಳುವಂತಿಲ್ಲ, ಅದಕ್ಕೊಂದು ಹದವಿದೆ. ದರ ಮಾತಾಡುವಾಗ ಕೇಳಿದರೆ ಕೆಲಸ ಕೆಟ್ಟಿತು. ದರ ಮುಗಿಯಬೇಕು, ಮಾಲು ಚೀಲಕ್ಕೆ ಬೀಳಬೇಕು, ನೀವು ದುಡ್ಡು ಹಿಡಿದ ಕೈಯನ್ನು ಚಾಚಬೇಕು, ಅವನು ತನ್ನ ಕೈಯನ್ನು ಚಾಚಬೇಕು, ಆಗ ನಿಮ್ಮ ಕೈಯನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ, ಈಗಷ್ಟೇ ನೆನಪಾದವರಂತೆ, "ಕೊಸರು?" ಎನ್ನಬೇಕು. ಇಷ್ಟು ಕಲಿತುಕೊಂಡರೆ ನೀವು ಎಲ್ಲಿ ಹೋದರೂ ಬದುಕುತ್ತೀರಿ. ನಾನು ಕ್ಷೌರದಂಗಡಿಯಲ್ಲಿ ತಲೆಗೆ ನಾಲ್ಕು ತಟ್ಟಿಸಿಕೊಳ್ಳದೆ ಎದ್ದವನಲ್ಲ. ಒಮ್ಮೆ ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದಾಗ ಅಭ್ಯಾಸಬಲದಿಂದ "ಇನ್ನೊಂದು ದಿನದ್ದು ಸೇರಿಸಿ ಸಾರ್" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ ನೋಟವನ್ನು ಹೆಂಡತಿ ಮಂಗಳಾ ಇಂದಿಗೂ ನಕಲು ಮಾಡಿ ತೋರಿಸುತ್ತಾಳೆ.

ಚಾಮರಾಜನಗರದಲ್ಲಿ ನನ್ನದೊಂದು ಅರಿಶಿನದ ಮಂಡಿ. ಮೊಪೆಡ್ಡಿನ ಹಿಂದೆ ಒಂದೊಂದೇ ಚೀಲ ಕಟ್ಟಿಕೊಂಡು ಶುರುಮಾಡಿದವನು ನಾನು. ಈಗ ಕೆಳಗೆ ಮಂಡಿ, ಮೇಲೆ ಮನೆ. ಆ ಮನೆಯ ಬೀದಿ ಕಡೆಯ ಕೋಣೆ ಮಗಳು ಚೈತ್ರಾಳದು. ಡಿಗ್ರಿ ಎರಡನೇ ವರ್ಷ ಓದುತ್ತಾಳೆ, ಉಳಿದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಂದೂಕಿನ ಆಟ ಆಡುತ್ತಾಳೆ. ಆ ಕಂಪ್ಯೂಟರ್ ಕೊಡಿಸಿದ್ದು ನಾನೇ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿದ್ದ ಎಂಜಿನಿಯರಿಗೆ ವರ್ಗವಾಗಿತ್ತು, ಸಾಮಾನು ಕಡಿಮೆ ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರಿನ ದರ ಮುಗಿದ ಮೇಲೆ ಕೊಸರಿಗೆ ಎರಡು ಸ್ಪೀಕರ್, ತಿರುಗುವ ಕುರ್ಚಿ, ಕಿಟಕಿಯ ಪರದೆ ಇಷ್ಟನ್ನೂ ಎಬ್ಬಿಸಿದೆ. ಕೊನೆಗೆ ಅವರ ಮನೆಯಾಕೆ, ನಾನು ಟೀ ಕುಡಿಯುತ್ತಿದ್ದ ಲೋಟವನ್ನು ಇನ್ನೂ ಎರಡು ಗುಟುಕಿರುವಾಗಲೇ ವಾಪಸು ಇಸಿದುಕೊಂಡರು.

ಒಂದು ಭಾನುವಾರ ಸಂಜೆ ಮೇಲಿಂದ ಅಳುವ ದನಿ ಕೇಳಿ ಓಡಿದೆ. ಚೈತ್ರಾ ತಲೆಯ ಮೇಲೆ ಕೈಯಿಟ್ಟು ಕೂತಿದ್ದಳು. ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಕಂಪ್ಯೂಟರಿನ ಡಬ್ಬದೊಳಗಿನ ಫ್ಯಾನುಗಳು ಅರಿಶಿನ ಪಾಲಿಶ್ ಮಾಡುವ ಡ್ರಮ್ಮಿನಂತೆ ಗುರ್ರೆನ್ನುತ್ತಿದ್ದವು. ವಿಷಯ ಇಷ್ಟು: ಅವಳದು ನಾಲ್ಕು ಹುಡುಗಿಯರ ತಂಡ. ಎಲ್ಲರೂ ಅವರವರ ಊರಿನಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಸೇರಿ ಆಡುತ್ತಾರೆ; ಆಗ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಗೆಲ್ಲುವ ಹೊತ್ತಿಗೆ ಸರಿಯಾಗಿ ನಮ್ಮ ಯಂತ್ರ ಮಲಗಿಬಿಟ್ಟಿತ್ತು. ಹೀಗಾದದ್ದು ಅದು ಎರಡನೇ ಸಲ.

"ಮುಂದಿನ ಭಾನುವಾರ ನಾಲ್ಕು ಗಂಟೆಗೆ ಕೊನೇ ರೌಂಡು ಅಪ್ಪಾ. ಅವತ್ತೂ ಆಫ್ ಆದ್ರೆ ನನ್ನ ಬುಟ್ಬುಟ್ಟು ಕೊಳ್ಳೇಗಾಲದವಳನ್ನ ಸೇರಿಸ್ಕತಾರಂತೆ" ಎಂದಳು.

ನಮ್ಮ ಮಗಳ ಜಾಗಕ್ಕೆ ಇನ್ನೊಬ್ಬಳೇ? ನನ್ನ ವ್ಯಾಪಾರದ ರಕ್ತ ಕುದಿಯಿತು. "ಅದ್ಕೆ ಏನಾಗದೆ ಹೇಳು, ನಾನ್ ನೋಡ್ಕತೀನಿ" ಎಂದೆ.

ಅವಳು ಯಂತ್ರವನ್ನು ಮತ್ತೆ ಎಬ್ಬಿಸಿ, ಆಟ ಹಚ್ಚಿ, ಪರದೆಯ ಮೂಲೆಯಲ್ಲಿದ್ದ ಒಂದು ಅಂಕಿ ತೋರಿಸಿದಳು. ನೋಡನೋಡುತ್ತ ಅದು ತೊಂಬತ್ತೊಂದಕ್ಕೆ ಏರಿತು. ನಮ್ಮ ವಂಶದಲ್ಲಿ ಯಾರೂ ಯಾವುದರಲ್ಲೂ ತೊಂಬತ್ತೊಂದು ತೆಗೆದವರಲ್ಲವಾದ್ದರಿಂದ ನಾನು ಮೊದಲು ಸಂತೋಷಪಟ್ಟೆ. ಆಮೇಲೆ ತಿಳಿಯಿತು, ಅದು ಗ್ರಾಫಿಕ್ಸ್ ಕಾರ್ಡಿನ ಕಾವು. ಆಟದ ಚಿತ್ರಗಳನ್ನೆಲ್ಲ ಬಿಡಿಸುವುದು ಆ ಕಾರ್ಡಂತೆ. ಕಾವು ಮಿತಿ ಮೀರಿದರೆ ಪ್ರಾಣ ಉಳಿಸಿಕೊಳ್ಳಲು ತಾನೇ ಮಲಗಿಬಿಡುತ್ತದಂತೆ.

ಕಾವು ಎಂದಮೇಲೆ ಅದು ನನ್ನ ಇಲಾಖೆ. ಅರಿಶಿನದ ಚೀಲಕ್ಕೆ ಗಾಳಿಯಾಡದಿದ್ದರೆ ಒಳಗೊಳಗೇ ಕಾವು ಏರಿ ಮಾಲು ಕೆಡುತ್ತದೆ. "ಗೋಡೆಗೆ ಒತ್ತರಿಸಿ ಇಡಬೇಡಿ, ನಾಲ್ಕು ಬೆರಳು ಸಂದು ಬಿಡಿ" ಎಂದು ಮಂಡಿಗೆ ಬಂದ ರೈತರಿಗೆಲ್ಲ ಪುಕ್ಕಟೆ ಬುದ್ಧಿ ಹೇಳುವವನು ನಾನು. ಮಾರನೆಯ ದಿನ ಭೀಮನಬೀಡಿನ ಮಾದಪ್ಪ ಮಾಲು ತಂದಿದ್ದ. ಅವನನ್ನೂ ಮೇಲಕ್ಕೆ ಕರೆದುಕೊಂಡು ಹೋಗಿ ಚಿಕಿತ್ಸೆಗೆ ತೊಡಗಿದೆ. ನೋಡುತ್ತೇನೆ, ಕಂಪ್ಯೂಟರಿನ ಡಬ್ಬ ಗೋಡೆಗೆ ಒತ್ತಿಕೊಂಡೇ ಕೂತಿದೆ. ಮೇಲೆ ಮಂಗಳಾ ಗಿಳಿಯ ಕಸೂತಿ ಹಾಕಿದ ಹೊದಿಕೆ ಹೊದಿಸಿದ್ದಾಳೆ, "ಧೂಳು ಕೂರಬಾರ್ದು ಅಂತ." ಪಕ್ಕದ ಮುಚ್ಚಳ ತೆಗೆದರೆ ಒಳಗೆಲ್ಲ ಹಳದಿಯೋ ಹಳದಿ. ಕೆಳಗಿನ ಮಂಡಿಯ ಪುಡಿಯನ್ನೆಲ್ಲ ಫ್ಯಾನುಗಳು ಎಳೆದುಕೊಂಡು ಕಾರ್ಡಿನ ಸಂದುಸಂದಿಗೆ ಮೆತ್ತಿದ್ದವು.

ಮಾದಪ್ಪ ಬಗ್ಗಿ ನೋಡಿ, "ಏನ್ ಸಾವ್ಕಾರ್ರೆ, ಇದ್ಕೂ ಅರಿಸಿನದ ಶಾಸ್ತ್ರ ಮಾಡ್ಬುಟ್ಟಿದ್ದೀರಾ? ಗಂಡು ಯಾವೂರು?" ಎಂದ. ಮತ್ತೆ ಗೋಡೆಯನ್ನು ನೋಡಿ, "ನಾಕ್ ಬೆರಳ್ ಸಂದು ನಮ್ ಚೀಲಕ್ ಮಾತ್ರವಾ?" ಎಂದ. ಅವತ್ತು ಅವನ ಮಾಲಿಗೆ ದರ ಮಾತಾಡುವಾಗ ನನ್ನ ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ಅದೇನೇ ಇರಲಿ, ನಿಮ್ಮ ಮನೆಯ ಕಂಪ್ಯೂಟರಿಗೂ ಇದೇ ಕಾಯಿಲೆ ಇದ್ದರೆ ಮೊದಲು ಇಷ್ಟು ಮಾಡಿ: ವೈರು ಕಿತ್ತು, ಗೋಡೆಯಿಂದ ಸರಿಸಿ, ಹೊದಿಕೆ ತೆಗೆದು ಹೆಂಡತಿಗೆ ಮರ್ಯಾದೆಯಿಂದ ಹಿಂತಿರುಗಿಸಿ, ಧೂಳು ಊದಿಸಿ. ಊದಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಗಿರಗಿಟ್ಟಲೆಯಾಗಿ ಹಾಳಾಗುತ್ತದೆ. ಇದನ್ನು ಹೇಳಿಕೊಟ್ಟವಳು ಚೈತ್ರಾ. ಆದರೆ ನಾಲ್ಕು ಜನಕ್ಕೆ ಹೇಳಿ ಹೇಳಿ ಈಗ ಅದು ನನ್ನದೇ ಆಗಿದೆ. ಅಂಕಿ ಎಂಬತ್ತಾರಕ್ಕೆ ಇಳಿಯಿತು. ನಾನು ಮೀಸೆ ತಿರುವಿದೆ. ಚೈತ್ರಾಳ ಮುಖ ಮಾತ್ರ ಅರಳಲಿಲ್ಲ.

"ಸಾಲ್ದು ಅಪ್ಪಾ. ಒಳಗಿನ ಪೇಸ್ಟು, ಪ್ಯಾಡು ಒಣಗಿರ್ತವೆ. ಗುಂಡ್ಲುಪೇಟೇಲಿ ಕಂಪ್ಯೂಟರ್ ರಿಪೇರಿ ಮಾಡೋ ಬಿನೋಯ್ ಹತ್ರ ಹಾಕಿಸ್ಬೇಕು. ನಂಗೆ ಶನಿವಾರದ ತನಕ ಇಂಟರ್ನಲ್ಸ್ ಅದೆ, ನೀವೇ ತಗೊಂಡೋಗಿ. ಅವರು ಏನ್ ಹೇಳ್ತಾರೋ ಹಂಗೇ ಮಾಡಿಸ್ಕೊಂಡ್ ಬನ್ನಿ, ಅಷ್ಟೇ."

ಆ "ಅಷ್ಟೇ" ಎಂಬ ಮಾತನ್ನು ನಾನು ಗಮನಿಸಬೇಕಾಗಿತ್ತು.

ಶುಕ್ರವಾರ ಬೆಳಿಗ್ಗೆ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯಲು ಬಂದ. "ತೊಡೆ ಮೇಲ್ ಕೂತ್ರೆ ಲಗೇಜ್ ಹೆಂಗಾಯ್ತದಪ್ಪಾ? ಮಗ ಅನ್ಕೊ" ಎಂದೆ. "ಐದು ವರ್ಸ ದಾಟಿರೋ ಅಂಗ್ ಕಾಣ್ತನೆ, ಅರ್ಧ ಟಿಕೆಟ್ ತಕಳಿ" ಎಂದ. ನನ್ನಂಥವರು ಲೋಕದಲ್ಲಿ ಇನ್ನೂ ಇದ್ದಾರೆಂದು ಸಮಾಧಾನವಾಯಿತು.

ಬಿನೋಯ್‌ನ ಅಂಗಡಿ ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದೆ. ಅವನ ಹಿರಿಯರು ಘಟ್ಟದಾಚೆ ವಯನಾಡಿನವರು. ಕನ್ನಡ ನಮ್ಮದೇ, ರಾಗ ಮಾತ್ರ ಅವರದು. ಅವನು ಕಾರ್ಡನ್ನು ಬಿಚ್ಚಿದ. ನಡುವೆ ಕನ್ನಡಿಯಂಥ ಒಂದು ದೊಡ್ಡ ಚಿಪ್ಪು, ಅದೇ ಯಜಮಾನ. ಸುತ್ತ ಸಣ್ಣಸಣ್ಣ ಚಿಪ್ಪುಗಳು. ಇವೆಲ್ಲದರ ಮೇಲೆ ಕಾವನ್ನು ಹೀರಿ ಹೊರಗೆ ಹಾಕುವ ಲೋಹದ ಹಲಗೆಯೊಂದು ಕೂರುತ್ತದೆ. ದೊಡ್ಡ ಚಿಪ್ಪಿಗೂ ಹಲಗೆಗೂ ನಡುವೆ ತೆಳ್ಳಗೆ ಪೇಸ್ಟು. ಸಣ್ಣವಕ್ಕೂ ಹಲಗೆಗೂ ನಡುವೆ ಮೆತ್ತನೆಯ ಪ್ಯಾಡು. ಹಳೆಯ ಪ್ಯಾಡುಗಳು ಮುಟ್ಟಿದರೆ ಹಪ್ಪಳದಂತೆ ಪುಡಿಯಾದವು.

"ಒಂದು ಮಿಲಿಮೀಟರ್ ಪ್ಯಾಡ್ ಸಾರ್ ಇದಕ್ಕೆ" ಎಂದು ಬಿನೋಯ್ ಒಂದು ಹಾಳೆ ತೆಗೆದ. ಪಕ್ಕದಲ್ಲೇ ದಪ್ಪನೆಯ ಇನ್ನೊಂದು ಹಾಳೆ ಇತ್ತು.

"ಅದೆಷ್ಟು ದಪ್ಪ?"

"ಎರಡು ಮಿಲಿಮೀಟರ್."

"ಅದ್ಕೆ ರೇಟು?"

"ಎರಡಕ್ಕೂ ಒಂದೇ ಸಾರ್."

ಈ ಮಾತು ಕೇಳಿದ ಮೇಲೆ ನಾನು ನಾನಾಗಿ ಉಳಿಯಲಿಲ್ಲ. ಒಂದೇ ದರಕ್ಕೆ ದುಪ್ಪಟ್ಟು ದಪ್ಪ ಸಿಗುವಾಗ ತೆಳ್ಳನೆಯದನ್ನು ಹಾಕಿಸಿಕೊಂಡು ಹೋದರೆ ನಾಳೆ ನಾನು ಮಂಡಿಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ? "ಹಂಗಾದ್ರೆ ದಪ್ಪಂದೇ ಹಾಕಪ್ಪಾ" ಎಂದೆ.

"ಅಯ್ಯೋ ಬೇಡ ಸಾರ್. ಇದಕ್ಕೆ ಅಳತೆ ಅಂತ ಇದೆ."

"ಅಳತೆ ಯಾವುದಕ್ಕಿಲ್ಲ? ಅಳತೆ ಆದ್ಮೇಲೆ ತಾನೆ ಕೊಸರು."

ಬಿನೋಯ್ ಅರ್ಧ ಗಂಟೆ ಹೋರಾಡಿದ. ನಾನು ಮೊಪೆಡ್ಡಿನ ಕಾಲದಿಂದ ಶುರುಮಾಡಿ ನನ್ನ ಜೀವನ ಚರಿತ್ರೆ ಹೇಳಿದೆ. ಅವನ ಬಾಗಿಲಲ್ಲಿ ಮೂರು ಗಿರಾಕಿಗಳು ಕಾಯುತ್ತಿದ್ದರು. "ಸರಿ ಸಾರ್, ನಿಮ್ಮ ಇಷ್ಟ. ನಾನು ಬೇಡ ಅಂದಿದ್ದೀನಿ, ನೆನಪಿಟ್ಟುಕೊಳ್ಳಿ" ಎಂದು ದಪ್ಪನೆಯದನ್ನೇ ಕತ್ತರಿಸಿ ಅಂಟಿಸಿದ. ಪೇಸ್ಟು ಕಡಲೆಕಾಳಿನಷ್ಟು ಹಾಕಿದಾಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಇನ್ನೊಂದ್ ಕಾಳು" ಎಂದೆ. ಆಟ ಹಾಕಿ ಕಾವು ನೋಡೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ನನಗೂ ಬಸ್ಸಿನ ಹೊತ್ತಾಗಿತ್ತು. ದಾರಿಯುದ್ದಕ್ಕೂ ತೆರಕಣಾಂಬಿಯ ಹೊಲಗಳನ್ನು ನೋಡುತ್ತ, ತೊಡೆಯ ಮೇಲಿನ ಡಬ್ಬವನ್ನು ತಟ್ಟುತ್ತ, ಗೆದ್ದು ಬಂದ ರಾಜನಂತೆ ಊರು ಸೇರಿದೆ.

ಚೈತ್ರಾ ಅದನ್ನು ಜೋಡಿಸಿ ಆಟ ಹಚ್ಚಿದ್ದು ಶನಿವಾರ ಸಂಜೆ. ಎಂಬತ್ತು, ಎಂಬತ್ತೆಂಟು, ತೊಂಬತ್ತಮೂರು, ತೊಂಬತ್ತೇಳು. ಪರದೆ ಕಪ್ಪಾಯಿತು. ಪೂರಾ ಎರಡು ನಿಮಿಷವೂ ಆಗಿರಲಿಲ್ಲ.

"ಗುಂಡ್ಲುಪೇಟೆಗ್ ಓಗದ್ಕಿಂತ ಮುಂಚೆನೇ ನೆಟ್ಟಗಿತ್ತು ಕನಿ" ಎಂದಳು ಮಂಗಳಾ.

ಚೈತ್ರಾ ಫೋನು ಕೈಗೆತ್ತಿಕೊಂಡು ತಂಡದವರಿಗೆ, "ನಾಳೆಗೆ ಕೊಳ್ಳೇಗಾಲದವಳನ್ನೇ ಕರ್ಕೊಳಿ" ಎಂದು ಬರೆಯತೊಡಗಿದಳು. ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಅವಳು ಅತ್ತಿದ್ದರೆ ವಾಸಿಯಿತ್ತು. "ಕಳಿಸ್ಬೇಡ ತಡೀ ಕಣಮ್ಮಿ, ಆ ಬಿನೋಯ್‌ನ ವಿಚಾರಿಸ್ಕತೀನಿ" ಎಂದು ಫೋನು ಹಚ್ಚಿದೆ. ನನ್ನ ಬೈಗುಳ ಮನೆಯವರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಬುದ್ಧಿ ಹೇಳುತ್ತೇನೆ ಕೇಳಿ: ಯಾರನ್ನಾದರೂ ಬೈಯುವಾಗ ಸ್ಪೀಕರಿಗೆ ಹಾಕಬಾರದು.

"ಏನಪ್ಪಾ, ಹಿಂಗಾ ಕೆಲ್ಸ ಮಾಡದು? ತೊಂಬತ್ತೇಳು ತೋರಿಸ್ತದೆ!"

"ತೋರಿಸುತ್ತೆ ಸಾರ್. ನೀವು ಕೊಸರು ಹಾಕಿಸಿದ್ರಲ್ಲ" ಎಂದ ಬಿನೋಯ್, ಶಾಂತವಾಗಿ. "ಸಣ್ಣ ಚಿಪ್ಪಿನ ಮೇಲೆ ಎರಡು ಮಿಲಿಮೀಟರ್ ಕೂತಿದೆ. ಹಲಗೆ ಮೇಲೆದ್ದಿದೆ. ನಡುವಿನ ದೊಡ್ಡ ಚಿಪ್ಪಿಗೆ ಅದು ಸರಿಯಾಗಿ ತಾಗ್ತಾನೇ ಇಲ್ಲ. ತಾಗದೆ ಇದ್ರೆ ಕಾವು ಎಲ್ಲಿ ಹೋಗುತ್ತೆ? ನಾನು ಬೇಡ ಬೇಡ ಅಂದೆ. ನೀವು ಮೊಪೆಡ್ ಕಥೆ ಹೇಳಿದ್ರಿ."

ನನಗೆ ತಟ್ಟನೆ ಅರ್ಥವಾಯಿತು, ಏಕೆಂದರೆ ಅದೂ ನನ್ನ ಇಲಾಖೆಯದೇ. ಚೀಲಕ್ಕೆ ಕೊಸರು ಹೆಚ್ಚಾಗಿ ತುಂಬಿದರೆ ಬಾಯಿ ಕೂಡುವುದಿಲ್ಲ. ಕೂಡದ ಬಾಯನ್ನು ಯಾವ ದಬ್ಬಳದಿಂದಲೂ ಹೊಲಿಯಲಾಗುವುದಿಲ್ಲ. ತಾಯಿಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಳಾ ಇಲ್ಲದ ಕನ್ನಡಕವನ್ನು ಮೆಲ್ಲಗೆ ತೆಗೆದು, ಡಾಕ್ಟರರಂತೆ ನನ್ನನ್ನು ನೋಡಿದಳು.

"ತಪ್ಪಾಯ್ತಪ್ಪಾ" ಎಂದೆ. ದರ ಮಾತಾಡದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು. "ನಾಳೆ ನಾಲ್ಕು ಗಂಟೆಗೆ ಮಗು ಆಡ್ಬೇಕು. ಏನಾದ್ರೂ ಮಾಡು. ಎಷ್ಟಾದ್ರೂ ಕೇಳು."

"ನಾಳೆ ಅಂಗಡಿ ರಜಾ ಸಾರ್. ಆದ್ರೂ ಚರ್ಚ್ ಮುಗಿಸಿ ಬಂದು ಹತ್ತು ಗಂಟೆಗೆ ತೆಗೀತೀನಿ. ದುಡ್ಡೇನೂ ಬೇಡ. ಒಂದೇ ಕಂಡೀಶನ್. ಮಗಳು ಒಳಗೆ ಬರಲಿ. ನೀವು ಬರಬೇಡಿ."

ಹಾಗಾಗಿ ಭಾನುವಾರ ಬೆಳಿಗ್ಗೆ, ನಲವತ್ತು ವರ್ಷಗಳಿಂದ ಯಾವ ಅಂಗಡಿಯ ಹೊಸ್ತಿಲಲ್ಲೂ ಹಿಂಜರಿಯದ ನಾನು, ಬಿನೋಯ್ ಅಂಗಡಿಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಅವನು ಏನೋ ಹೇಳುತ್ತಿದ್ದ, ಚೈತ್ರಾ ತಲೆಯಾಡಿಸುತ್ತಿದ್ದಳು. ಒಮ್ಮೆ ಎದ್ದು ಎರಡು ಹೆಜ್ಜೆ ಇಟ್ಟೆ. ಅವನು ಸ್ಕ್ರೂಡ್ರೈವರನ್ನೇ ಎತ್ತಿ, ಕೂತುಕೊಳ್ಳಿ ಎಂಬಂತೆ ಸನ್ನೆ ಮಾಡಿದ. ಕೂತುಕೊಂಡೆ. ಟೀಯವನ ಹತ್ತಿರ ಅರ್ಧ ಲೋಟ ಕೊಸರು ಕೇಳುವುದಕ್ಕೂ ಮನಸ್ಸಾಗಲಿಲ್ಲ. ಕೇಳದಿದ್ದರೂ ಅವನೇ ಹಾಕಿದ, ನನ್ನ ಮುಖ ನೋಡಿ.

ನಾಲ್ಕು ಗಂಟೆಗೆ ಆಟ ಶುರುವಾಯಿತು. ನಾನೂ ಮಂಗಳಾಳೂ ಬಾಗಿಲಲ್ಲಿ ನಿಂತಿದ್ದೆವು. ಯಾರು ಯಾರನ್ನು ಹೊಡೆಯುತ್ತಿದ್ದರೋ ನಮಗೆ ತಿಳಿಯುವಂತಿರಲಿಲ್ಲ. ನಾವು ನೋಡುತ್ತಿದ್ದದ್ದು ಮೂಲೆಯ ಅಂಕಿಯನ್ನು ಮಾತ್ರ. ಅರವತ್ತೆಂಟು. ಎಪ್ಪತ್ತು. ಎಪ್ಪತ್ತೊಂದು. ಅಲ್ಲೇ ನಿಂತಿತು, ನಂಬಿಕಸ್ಥ ತಕ್ಕಡಿಯ ಮುಳ್ಳಿನಂತೆ. ಗಂಟೆ ಕಳೆದ ಮೇಲೆ ಚೈತ್ರಾ ಕಿರುಚಿದಳು. ಗೆದ್ದಿರಬೇಕೆಂದುಕೊಂಡೆವು. ಸೋತಿದ್ದರಂತೆ, ಒಂದೇ ಒಂದು ಅಂಕದಲ್ಲಿ! ಆದರೆ ತಂಡದಲ್ಲಿ ಕೊನೆಯವರೆಗೂ ಸಾಯದೆ ಉಳಿದವಳು ಇವಳೇ ಅಂತೆ. "ಇನ್ಮೇಲೆ ಕೊಳ್ಳೇಗಾಲದವಳ ಮಾತೇ ಇಲ್ಲ ಅಂದ್ರು ಅಪ್ಪಾ!" ಎಂದು ಕುರ್ಚಿಯ ಸಮೇತ ಗಿರ್ರನೆ ತಿರುಗಿದಳು. ಕೊಸರಿಗೆ ಬಂದ ಕುರ್ಚಿ ಅದು ಎಂದು ನೆನಪಿಸುವುದಕ್ಕೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆಮೇಲೆ ಅವಳು ಬ್ಯಾಗಿನಿಂದ ಪೇಪರಿನ ಸಣ್ಣ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. "ಬಿನೋಯ್ ಕೊಟ್ರು. ಅಪ್ಪಂಗೆ ಕೊಸರು ಅಂದ್ರು." ಬಿಚ್ಚಿ ನೋಡಿದರೆ, ಕಾರ್ಡಿನಿಂದ ಕಿತ್ತ ಎರಡು ಮಿಲಿಮೀಟರಿನ ಆ ಪ್ಯಾಡುಗಳು. ಒಂದನ್ನೂ ಬಿಡದೆ ಕಳಿಸಿದ್ದ.

ಬೇರೆಯವರಾಗಿದ್ದರೆ ಎಸೆಯುತ್ತಿದ್ದರು. ಮಂಡಿಯಲ್ಲಿ ನನ್ನ ಮೇಜಿನ ಒಂದು ಕಾಲು ಗಿಡ್ಡ, ಬರೆಯುವಾಗ ಅಲುಗಾಡುತ್ತಿತ್ತು. ಆ ಪ್ಯಾಡುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಕೆಳಗೆ ಇಟ್ಟಿದ್ದೇನೆ. ಇದನ್ನು ಬರೆಯುತ್ತಿರುವುದೂ ಅದೇ ಮೇಜಿನ ಮೇಲೆ. ಬಹಳ ಚೆನ್ನಾಗಿ ಕೂತಿದೆ. ಇನ್ನೂ ಒಂದು ಕೂದಲೆಳೆಯಷ್ಟು ಅಲುಗುತ್ತದೆ, ನಿಜ. ಬಿನೋಯ್‌ಗೆ ಫೋನು ಮಾಡಿ ಅರ್ಧ ಮಿಲಿಮೀಟರಿನ ಒಂದು ತುಂಡು ಕೇಳೋಣವೆಂದಿದ್ದೇನೆ. ಅವನ ಹತ್ತಿರ ಬಿದ್ದಿರುತ್ತದೆ, ಅದಕ್ಕೇನು ದುಡ್ಡು ಕೊಡಬೇಕೆ?